ಬಾಂಡ್ಲಿ ಲೆಕ್ಕಕ್ಕೆ ಬಗ್ಗದ ಡಾಂಬರು

ನಿಮ್ಮ ಮನೆಗೆ ಬರುವ ದಾರಿ ಹೇಗಿದೆಯೋ ನನಗೆ ಗೊತ್ತಿಲ್ಲ. ನಮ್ಮದು ಹೇಗಿತ್ತೆಂದು ಹೇಳುತ್ತೇನೆ, ಕೇಳಿ. ಇನ್ನೂರು ಅಡಿ ಉದ್ದ, ಹತ್ತು ಅಡಿ ಅಗಲದ ಓಣಿ. ಒಂದು ಬದಿಗೆ ಒಂಬತ್ತು ಮನೆ, ಇನ್ನೊಂದು ಬದಿಗೆ ಗೋದಾಮಿನ ಗೋಡೆ. ನಿವೇಶನ ಮಾರಿದವರು ದಾರಿಯನ್ನು ಒಂಬತ್ತು ಮನೆಗಳ ಹೆಸರಿಗೇ ಬರೆದುಕೊಟ್ಟು ಕೈ ತೊಳೆದುಕೊಂಡಿದ್ದರು. ಹಾಗಾಗಿ ರಿಪೇರಿಗೆ ಯಾವ ಕಚೇರಿಯೂ ಬರುವುದಿಲ್ಲ. ನಾವೇ ಮಾಡಿಸಿಕೊಳ್ಳಬೇಕು, ಹದಿನಾಲ್ಕು ವರ್ಷದಿಂದ ನಾವು ಮಾಡಿಸಿಕೊಂಡಿರಲಿಲ್ಲ. ಎಲ್ಲಿ ನೋಡಿದರೂ ಗುಂಡಿ, ಗುಂಡಿಯೊಳಗೆ ಇನ್ನೊಂದು ಗುಂಡಿ.

ಓಣಿಯ ಕಟ್ಟಕಡೆಯ ಮನೆ ನಮ್ಮದು. ನಾನು ಆ ಮನೆಯ ಸೊಸೆ, ಮುಂದಿನ ಕೋಣೆಯಲ್ಲೇ ಹೊಲಿಗೆ ಮಷೀನು ಇಟ್ಟುಕೊಂಡು ಬಟ್ಟೆ ಹೊಲಿಯುತ್ತೇನೆ. ನನ್ನ ಅತ್ತೆಗೆ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಲೇಬೇಕು. ಆಸ್ಪತ್ರೆಯ ವ್ಯಾನು ಓಣಿಯ ಬಾಯಿಗೆ ಬಂದು ನಿಲ್ಲುತ್ತಿತ್ತು, ಒಳಗೆ ಬರುತ್ತಿರಲಿಲ್ಲ. ಒಮ್ಮೆ ಬಂದು ಕಲ್ಲಿಗೆ ತಗುಲಿ, ಎಂಜಿನ್ನಿನ ಅಡಿಯ ತೊಟ್ಟಿ ಒಡೆದು ಎಣ್ಣೆಯೆಲ್ಲ ಸೋರಿತ್ತು.

"ಓಣಿ ಬಾಯಿಂದ ನಿಮ್ಮ ಬಾಗಿಲವರೆಗೂ ಸರಿ ಮಾಡ್ಸಿಯಮ್ಮ, ನಿಮ್ಮ ಮೆಟ್ಟಿಲ ಹತ್ರಾನೇ ತಂದು ನಿಲ್ಲಿಸ್ತೀನಿ" ಎಂದಿದ್ದರು ವ್ಯಾನಿನ ಡ್ರೈವರ್.

ಅಲ್ಲಿಯವರೆಗೆ ಅತ್ತೆಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತುಕೊಂಡು ಹೋಗುತ್ತಿದ್ದೆವು. ಮಳೆಗಾಲಕ್ಕೆ ಇನ್ನು ಎರಡೇ ತಿಂಗಳಿತ್ತು. ಮಳೆ ಬಿದ್ದರೆ ಆ ಕೆಸರಿನಲ್ಲಿ ಕುರ್ಚಿ ಹೊರುವುದು ಆಗದ ಮಾತು. ಒಂದು ಸಲ ಡಯಾಲಿಸಿಸ್ ತಪ್ಪಿದರೆ ಅತ್ತೆಯ ಕಾಲು ಊದಿಕೊಂಡು ಉಸಿರು ಕಟ್ಟುತ್ತದೆ, ಎರಡು ಸಲ ತಪ್ಪಿದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಮುಖಕ್ಕೆ ಹೇಳಿದ್ದರು. ಮಳೆಗೆ ಮುಂಚೆ ವ್ಯಾನು ನಮ್ಮ ಮೆಟ್ಟಿಲಿಗೆ ಬರಲೇಬೇಕು ಎಂದು ನಾನು ಪಟ್ಟು ಹಿಡಿದೆ.

ಆದರೆ ಮನೆಯಲ್ಲಿ ನನ್ನ ಮಾವ ಇದ್ದಾರಲ್ಲ! ಮೂವತ್ತೈದು ವರ್ಷ ಗಾರೆ ಕೆಲಸ ಮಾಡಿದ ಮೇಸ್ತ್ರಿ. ಒಳ್ಳೆಯ ಮನುಷ್ಯ, ಆದರೆ ಜಗತ್ತೆಲ್ಲ ಅವರಿಗೆ ಬಾಂಡ್ಲಿ ಲೆಕ್ಕ. ಬಾಂಡ್ಲಿ ಎಂದರೆ ಗಾರೆ ಹೊರುವ ಕಬ್ಬಿಣದ ಬೋಗುಣಿ. ಈ ಗೋಡೆಗೆ ಎಂಟು ಬಾಂಡ್ಲಿ, ಆ ಮೆಟ್ಟಿಲಿಗೆ ಐದು ಬಾಂಡ್ಲಿ. ಊಟ ಬಡಿಸಲು ಹೋದರೂ "ಅರ್ಧ ಬಾಂಡ್ಲಿ ಸಾಕಮ್ಮ" ಎನ್ನುವ ಆಸಾಮಿ.

ಮಾವ ಒಬ್ಬ ಡಾಂಬರು ಕಂಟ್ರಾಕ್ಟರರನ್ನು ಕರೆಸಿದರು. "ನಮ್ಮ ಬಾಗಿಲ ಮುಂದೆ ಮಾತ್ರ, ಹನ್ನೆರಡು ಅಡಿ ಉದ್ದಕ್ಕೆ ಹೇಳಿ" ಎಂದರು. ಕಂಟ್ರಾಕ್ಟರರು ಟೇಪು ಹಿಡಿದು ಅಳೆದು ಒಂದು ರೇಟು ಹೇಳಿದರು. ಮಾವನ ಮುಖ ಕೆಂಪಾಯಿತು.

"ಹೋದ ತಿಂಗಳು ಈ ಗೋದಾಮಿನ ಅಂಗಳಕ್ಕೆ ಡಾಂಬರು ಹಾಕಿದ್ದೂ ನೀವೇ ಅಲ್ವಾ? ಅವರ ಹತ್ರ ಚದರ ಅಡಿಗೆ ಇದರ ಮೂರನೇ ಒಂದು ಪಾಲು ತಗೊಂಡಿದ್ದೀರಿ, ನನಗೆ ಗೊತ್ತು! ದೊಡ್ಡೋರಿಗೊಂದು ರೇಟು, ನಮ್ಮಂಥೋರಿಗೊಂದು ರೇಟಾ? ಇದು ಹಗಲುದರೋಡೆ!"

"ಅಲ್ಲ ಮೇಸ್ತ್ರಿಗಳೇ, ಅದು ದೊಡ್ಡ ಕೆಲಸ..."

"ಒಂದು ಬಾಂಡ್ಲಿ ಗಾರೆ ಗೋದಾಮಿಗೂ ಒಂದೇ, ಗುಡಿಸಲಿಗೂ ಒಂದೇ. ನಡೀರಿ ನೀವು!"

ಕಂಟ್ರಾಕ್ಟರರು ಟೇಪು ಸುತ್ತಿಕೊಂಡು ಹೊರಟೇಹೋದರು. ನನಗೆ ತಲೆ ಕೆಟ್ಟಿತು. "ಮಾವ, ನಮ್ಮ ಬಾಗಿಲಿಗಷ್ಟೇ ಹಾಕ್ಸಿದ್ರೆ ವ್ಯಾನು ಹಾರ್ಕೊಂಡು ಬರುತ್ತಾ?" ಎಂದೆ.

"ಯಾರ್ಯಾರ ಬಾಗಿಲು ಅವರವರು ಮಾಡ್ಸಿಕೊಂಡ್ರೆ ಓಣಿ ತಾನೇ ಆಗುತ್ತಮ್ಮ. ನಾನು ಮೊದಲು ಮಾಡಿ ತೋರಿಸ್ತೀನಿ, ನೋಡ್ತಿರು" ಎಂದರು.

ಮಾಡಿಯೂ ತೋರಿಸಿದರು. ಎರಡು ಮೈಲಿ ಆಚೆ ಹೆದ್ದಾರಿ ಕೆಲಸ ನಡೆಯುತ್ತಿತ್ತು. ಅಲ್ಲಿನವರನ್ನು ಮಾತಾಡಿಸಿ, ಚಹಾ ಕುಡಿಸಿ, ಉಳಿದ ಬಿಸಿ ಡಾಂಬರನ್ನು ಐದು ಬಾಂಡ್ಲಿ ತುಂಬಿಸಿಕೊಂಡು ತಳ್ಳುಗಾಡಿಯಲ್ಲಿ ತಂದರು. ಮೇಲೆ ಗೋಣಿಚೀಲ ಹೊದಿಸಿದ್ದರಂತೆ, ಮಗುವಿಗೆ ಹೊದಿಸಿದ ಹಾಗೆ. ಮನೆ ಮುಟ್ಟುವಷ್ಟರಲ್ಲಿ ಅದು ಗಟ್ಟಿಯಾಗಿ ಹೆಂಟೆ ಹೆಂಟೆಯಾಗಿತ್ತು. ಮಾವ ಬಿಟ್ಟಾರೆಯೇ? ಗುದ್ದಲಿಯಲ್ಲಿ ಒಡೆದು, ಮೆಟ್ಟಿಲ ಮುಂದೆ ಹರಡಿ, ಮಧ್ಯಾಹ್ನವಿಡೀ ಕಬ್ಬಿಣದ ದಮ್ಮಸಿನಿಂದ ಗುದ್ದಿದರು. ಸಂಜೆಗೆ ಕಪ್ಪಗೆ ಚೆನ್ನಾಗಿಯೇ ಕಂಡಿತು. "ಎಷ್ಟು ಖರ್ಚಾಯ್ತು? ಐದು ಚಹಾ!" ಎಂದು ಬೀಗಿದರು.

ಇಪ್ಪತ್ತು ದಿನ ಕಳೆದಿರಲಿಲ್ಲ. ಅತ್ತೆಯನ್ನು ಕುರ್ಚಿಯಲ್ಲಿ ಹೊತ್ತು ಹೊರಗೆ ಕಾಲಿಟ್ಟಿದ್ದೇವೆ, ನನ್ನ ಗಂಡನ ಕಾಲ ಕೆಳಗೆ ಡಾಂಬರಿನ ಒಂದು ಹೆಂಟೆ ಕಿತ್ತು ಉರುಳಿತು. ಕುರ್ಚಿ ವಾಲಿತು. ಅತ್ತೆ ಎಡಗೈ ಊರಿ ಬಿದ್ದರು. ಡಯಾಲಿಸಿಸ್ಸಿಗೆ ಸೂಜಿ ಚುಚ್ಚುವ ಕೈ ಅದು, ಆ ಕೈಗೆ ಪೆಟ್ಟಾಗಲೇಬಾರದು. ಆಸ್ಪತ್ರೆ ಮುಟ್ಟಿ ನರ್ಸು ಕೈ ಮುಟ್ಟಿ ನೋಡಿ "ರಕ್ತದ ಹರಿವು ಇದೆ, ಏನೂ ಆಗಿಲ್ಲ" ಎನ್ನುವವರೆಗೆ ನಾನು ಆ ಕೈಯ ಮೇಲಿಂದ ಕಣ್ಣು ತೆಗೆಯಲಿಲ್ಲ.

ಮನೆಗೆ ಬಂದ ಮೇಲೆ ಅತ್ತೆ ಮಾವನ ಕಡೆ ನೋಡಿ, "ರೀ, ಐದು ಚಹಾದಲ್ಲಿ ನನ್ನನ್ನ ಕಳಿಸಿಬಿಡೋ ಹಾಗಿದ್ರಲ್ಲ" ಎಂದರು. ತಮಾಷೆಗೇ ಹೇಳಿದ್ದು. ಮಾವ ನಗಲಿಲ್ಲ. ಮೂಲೆಯಲ್ಲಿ ಕೂತು ಕೈಯನ್ನೇ ನೋಡಿಕೊಳ್ಳುತ್ತಿದ್ದರು. ನನಗೆ ಅವರ ಮೇಲೆ ಸಿಟ್ಟೂ ಬಂತು, ಕರುಳೂ ಚುರುಕ್ ಎಂದಿತು.

ಮರುದಿನ ಬೆಳಗ್ಗೆ ಐದನೇ ಮನೆಯ ರೋಲರ್ ಅಕ್ಕ ಅತ್ತೆಯನ್ನು ನೋಡಲು ಬಂದರು. ರಸ್ತೆ ಕೆಲಸದಲ್ಲಿ ರೋಲರ್ ಓಡಿಸುವುದು ಅವರ ಉದ್ಯೋಗ, ಅದಕ್ಕೇ ಆ ಹೆಸರು. ಬಾಗಿಲ ಮುಂದೆ ಕಿತ್ತುಬಿದ್ದಿದ್ದ ಹೆಂಟೆಯೊಂದನ್ನು ಎತ್ತಿಕೊಂಡೇ ಒಳಗೆ ಬಂದರು.

"ಮೇಸ್ತ್ರಿಗಳೇ, ಇದನ್ನ ತಣ್ಣಗಾದ ಮೇಲೆ ಹಾಕಿದ್ದೀರಿ."

"ಬಿಸಿ ಇದ್ದಾಗಲೇ ತುಂಬಿಸ್ಕೊಂಡೆ ಕಣಮ್ಮ."

"ಸಿಮೆಂಟು ನಿಮ್ಮ ಮಾತು ಕೇಳುತ್ತೆ. ಬೇಕಾದಾಗ ಬೇಕಾದಷ್ಟು ಕಲಸ್ಕೋಬಹುದು. ಒಂದು ಬಾಂಡ್ಲಿ ಬೇಕಂದ್ರೆ ಒಂದೇ ಬಾಂಡ್ಲಿ. ಡಾಂಬರು ಹಂಗಲ್ಲ. ದೊಡ್ಡ ಯಂತ್ರದಲ್ಲಿ ಜಲ್ಲಿಯನ್ನೂ ಡಾಂಬರನ್ನೂ ಕಾಯಿಸಿ ಕಲಸ್ಬೇಕು, ಲಾರಿಗಟ್ಟಲೆ ತರ್ಬೇಕು, ಹೊಗೆ ಆಡ್ತಿರೋವಾಗ್ಲೇ ಹರಡಿ ರೋಲರ್ ಹಾಯಿಸ್ಬೇಕು. ಲಾರಿ ತುಂಬ ಇದ್ರೆ ಬಿಸಿ ಉಳಿಯುತ್ತೆ. ತಳದಲ್ಲಿ ಒಂಚೂರು ಇದ್ರೆ ದಾರೀಲೇ ಆರಿಹೋಗುತ್ತೆ."

"ಅದಿರ್ಲಿ. ಆ ಕಂಟ್ರಾಕ್ಟರ್ ನಮಗೆ ಮೂರು ಪಟ್ಟು ರೇಟು ಹೇಳಿದ್ದು ಯಾಕೆ? ಟೋಪಿ ಹಾಕೋಕಲ್ವಾ?"

ರೋಲರ್ ಅಕ್ಕ ನಕ್ಕರು. "ನನ್ನನ್ನೇ ತಗೊಳ್ಳಿ. ನನ್ನ ರೋಲರ್ ರಸ್ತೆ ಮೇಲೆ ತಾನೇ ಓಡ್ಕೊಂಡು ಬರಲ್ಲ. ಅದನ್ನ ಲಾರಿ ಮೇಲೆ ಹತ್ತಿಸಿ ತರ್ಬೇಕು, ಇಳಿಸ್ಬೇಕು, ಸಂಜೆ ಮತ್ತೆ ಹತ್ತಿಸ್ಬೇಕು. ನಿಮ್ಮ ಬಾಗಿಲ ಮುಂದೆ ಹತ್ತು ನಿಮಿಷ ಓಡಿದ್ರೂ ಒಂದು ದಿನದ ಬಾಡಿಗೆ, ಓಣಿ ಉದ್ದಕ್ಕೂ ಓಡಿದ್ರೂ ಅದೇ ಬಾಡಿಗೆ. ನಮ್ಮ ಜೊತೆ ಎಂಟು ಜನ ಬರ್ತಾರೆ, ಅವರಿಗೂ ದಿನಗೂಲಿ. ಈ ಖರ್ಚನ್ನೆಲ್ಲ ನೀವೊಬ್ಬರೇ ಹೊರ್ತೀರಾ, ಒಂಬತ್ತು ಮನೆ ಸೇರಿ ಹೊರ್ತೀರಾ? ಪ್ರಶ್ನೆ ಇಷ್ಟೇ."

ಮಾವ ಅಷ್ಟು ಸುಲಭಕ್ಕೆ ಸೋಲುವವರಲ್ಲ. "ಹಂಗಾದ್ರೆ ಹತ್ತು ಓಣಿ ಸೇರಿದ್ರೆ ಪುಕ್ಕಟೆ ಹಾಕ್ತಾರೇನು?"

"ಇಲ್ಲಪ್ಪ. ಜಲ್ಲಿ, ಡಾಂಬರಿನ ಖರ್ಚು ಚದರ ಅಡಿಗೆ ಬಿದ್ದೇ ಬೀಳುತ್ತೆ, ಅದು ಕರಗಲ್ಲ. ಬಂದು ಹೋಗೋ ಖರ್ಚು ಮಾತ್ರ ಹಂಚಿಹೋಗುತ್ತೆ. ನಮ್ಮ ಓಣಿಗೆ ಎರಡು ಲಾರಿ ಮಾಲು, ಒಂದು ದಿನದ ಕೆಲಸ. ಅಲ್ಲಿವರೆಗೂ ರೇಟು ಚೆನ್ನಾಗಿ ಇಳಿಯುತ್ತೆ. ಆಮೇಲೆ ಇಳಿಯೋದು ಒಂಚೂರು. ಅಗ್ಗ ಅಂತ ಬೇಡದ ಜಾಗಕ್ಕೆಲ್ಲ ಹಾಕಿಸೋದೂ ದಡ್ಡತನವೇ."

"ಒಬ್ಬೊಬ್ಬರೇ ಬಾಗಿಲ ಮುಂದೆ ಹಾಕ್ಸಿಕೊಂಡು ಬಂದ್ರೆ ಏನು ತಪ್ಪು?" ಎಂದು ನಾನು ಕೇಳಿದೆ.

"ಒಂಬತ್ತು ಸಲ ರೋಲರ್ ಬರ್ಬೇಕು, ಒಂಬತ್ತು ಸಲ ಬಾಡಿಗೆ. ಅದಲ್ಲದೆ ತುಂಡು ತುಂಡು ಕೂಡೋ ಕಡೆ ಎಂಟು ಸಂದು. ಮಳೆನೀರು ನುಗ್ಗೋದೇ ಆ ಸಂದಿನಲ್ಲಿ."

ಮಾವ ಎದ್ದು ಅಂಗಿ ಹಾಕಿಕೊಂಡರು. "ನಡಿಯಮ್ಮ, ಆ ಕಂಟ್ರಾಕ್ಟರನ್ನ ಮತ್ತೆ ಕರೀಬೇಕು. ಬೈದು ಕಳಿಸಿದ್ದು ನಾನೇ, ಕರೆಯೋನೂ ನಾನೇ."

ಕಂಟ್ರಾಕ್ಟರರು ಬಂದು ಇಡೀ ಓಣಿ ಅಳೆದರು. ರೋಲರ್ ಅಕ್ಕ ಹೇಳಿಕೊಟ್ಟಂತೆ ನಾನು ಎರಡು ಮಾತು ಕಾಗದದ ಮೇಲೆ ಬರೆಸಿಕೊಂಡೆ: ರೋಲರ್ ಹಾಯಿಸಿದ ಮೇಲೂ ದಪ್ಪ ಎರಡು ಇಂಚು ಇರಬೇಕು, ಕೆಳಗಿನ ಜಲ್ಲಿ ಹಾಸು ಮೊದಲು ಗಟ್ಟಿ ಮಾಡಬೇಕು. ದಪ್ಪ ಕದ್ದು ರೇಟು ಇಳಿಸಿದರೆ ಅದು ಉಳಿತಾಯವಲ್ಲ, ಮುಂದಿನ ವರ್ಷದ ಗುಂಡಿ. ಇನ್ನಿಬ್ಬರು ಕಂಟ್ರಾಕ್ಟರರಿಂದಲೂ ಇದೇ ದಪ್ಪಕ್ಕೆ, ಇದೇ ಅಳತೆಗೆ ರೇಟು ತರಿಸಿ ನೋಡಿದೆವು. ಯಾರದು ನೋಡಿದರೂ ಚದರ ಅಡಿಯ ರೇಟು ನಮ್ಮ ಬಾಗಿಲಿಗೆ ಮೊದಲು ಹೇಳಿದ್ದರ ಮೂರನೇ ಒಂದು ಪಾಲಿನ ಹತ್ತಿರವೇ ಇತ್ತು. ಮೊದಲಿನವರದೇ ಎಲ್ಲಕ್ಕಿಂತ ಕಡಿಮೆ. ಮಾವ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ಎರಡು ಸಲ ಓದಿದರು.

ಇನ್ನು ಮನೆ ಮನೆ ತಿರುಗುವ ಕೆಲಸ. ನಮ್ಮದಲ್ಲದೆ ಏಳು ಮನೆ ಒಪ್ಪಿದ ಮೇಲೆ ಉಳಿದದ್ದು ಓಣಿಯ ಬಾಯಲ್ಲಿರುವ ಪಂಕ್ಚರ್ ಅಂಗಡಿಯವನ ಮನೆ. ಅವನು ಹೋದ ವರ್ಷವೇ ತನ್ನ ಇಪ್ಪತ್ತು ಅಡಿಗೆ ಡಾಂಬರು ಹಾಕಿಸಿಕೊಂಡಿದ್ದ. ನಾಲ್ಕು ಸಲ ಹೋದೆ, ನಾಲ್ಕು ಸಲವೂ ಮೂಗು ಮುರಿದ. "ನನ್ನದು ಆಗಿದೆಯಲ್ಲಕ್ಕಾ. ಅಲ್ದೆ ರಸ್ತೆ ಸರಿಯಾದ್ರೆ ಪಂಕ್ಚರ್ ಯಾರಿಗಾಗುತ್ತೆ? ನನ್ನ ಹೊಟ್ಟೆ ಮೇಲೆ ಹೊಡೀಬೇಡಿ."

ಐದನೇ ಸಲ ಮಾವನೇ ನನ್ನ ಜೊತೆ ಬಂದರು. "ಏನಯ್ಯಾ, ಹೋದ ವರ್ಷದ ಬಿಲ್ಲು ಇದ್ರೆ ತಗೊಂಡು ಬಾ" ಎಂದರು. ಅವನು ತಂದ. ನಮ್ಮ ಕಾಗದದ ಪಕ್ಕ ಇಟ್ಟು ನೋಡಿದರೆ, ಅವನು ಚದರ ಅಡಿಗೆ ಕೊಟ್ಟಿದ್ದು ಹೆಚ್ಚೂಕಡಿಮೆ ಮೂರು ಪಟ್ಟು.

"ಕಳ್ಳ ನನ್ಮಗ!" ಎಂದು ಅವನು ಎದ್ದುನಿಂತ.

"ಕೂತ್ಕೋ. ಅವರು ಕದೀಲಿಲ್ಲ. ಒಂಬತ್ತು ಜನ ಹೊರೋ ಭಾರ ನೀನೊಬ್ಬನೇ ಹೊತ್ತೆ. ನಾನೂ ಅದೇ ತಪ್ಪು ಮಾಡೋಕೆ ಹೋದೆ. ಆಗ್ಲಿಲ್ಲ ಅಂತ ಅದಕ್ಕಿಂತ ದೊಡ್ಡ ತಪ್ಪು ಮಾಡ್ದೆ, ನನ್ನ ಹೆಂಡತೀನ ಬೀಳಿಸ್ದೆ." ಮಾವ ಬಗ್ಗಿ ಅವನ ಡಾಂಬರಿನ ಅಂಚಿಗೆ ಬೆರಳು ತೂರಿಸಿದರು. "ನಿನ್ನ ಅಂಚು ನೋಡು, ಆಗ್ಲೇ ಬಾಯಿ ಬಿಟ್ಟಿದೆ. ಈ ಮಳೆಗೆ ನೀರು ಕೆಳಗಿಳಿದ್ರೆ ಎಲ್ಲ ಎದ್ದುಬರುತ್ತೆ. ನಿನ್ನ ಹಳೇ ಹಾಸು ಗಟ್ಟಿಯಿದೆ, ಮೇಲೊಂದು ಪದರ ಸಾಕು. ಅದಕ್ಕೆ ಅರ್ಧ ಪಾಲು ಕೊಡು, ಎಲ್ಲರೂ ಒಪ್ಪಿದ್ದಾರೆ. ಓಣಿ ಉದ್ದಕ್ಕೂ ಎರಡೂ ಕಡೆ ಡಾಂಬರು ಒಡೆಯದ ಹಾಗೆ ಅಂಚುಗಟ್ಟೆ ನಾನು ಕಟ್ಟಿಕೊಡ್ತೀನಿ, ಕೂಲಿ ಬೇಡ."

ಪಂಕ್ಚರಿನವನು ತಲೆ ಕೆರೆದುಕೊಂಡ. "ಮತ್ತೆ ನನ್ನ ವ್ಯಾಪಾರ?"

"ಆಸ್ಪತ್ರೆ ವ್ಯಾನು ವಾರಕ್ಕೆ ಮೂರು ಸಲ ನಿನ್ನ ಅಂಗಡಿ ಮುಂದೇನೇ ಬರುತ್ತಲ್ಲೋ, ಅದಕ್ಕೆ ಗಾಳಿ ಹಾಕು!"

ಅವನಿಗೂ ನಗು ತಡೆಯಲಾಗಲಿಲ್ಲ. ಒಪ್ಪಿದ.

ಮಾವ ಹದಿನೈದು ದಿನ ಅಂಚುಗಟ್ಟೆ ಕಟ್ಟಿದರು. ಬಿಸಿಲಲ್ಲಿ ಬೆನ್ನು ಸುಟ್ಟುಕೊಂಡರೂ ಒಂದು ದಿನ ತಪ್ಪಿಸಲಿಲ್ಲ. ಆಮೇಲೆ ಒಂದು ಬೆಳಗ್ಗೆ ಎರಡು ಲಾರಿ ಒಂದರ ಹಿಂದೊಂದು ಬಂದವು, ಹೊಗೆಯಾಡುತ್ತಾ. ರೋಲರ್ ಅಕ್ಕ ತಮ್ಮ ಸ್ವಂತ ಓಣಿಯಲ್ಲಿ ತಾವೇ ರೋಲರ್ ಓಡಿಸಿದರು. ಮಾವ ಎರಡು ಇಂಚಿನ ಗುರುತು ಹಾಕಿದ ಕಂಬಿ ಹಿಡಿದು, ರೋಲರಿನ ಹಿಂದೆಯೇ ಹೆಜ್ಜೆ ಹೆಜ್ಜೆಗೂ ಚುಚ್ಚಿ ನೋಡುತ್ತಾ ನಡೆದರು. ಕಂಟ್ರಾಕ್ಟರರು "ಮೇಸ್ತ್ರಿಗಳೇ, ನನ್ನ ಮೇಲೆ ಇನ್ನೂ ಅನುಮಾನಾನಾ?" ಎಂದರು. "ಅನುಮಾನ ಅಲ್ಲ ಸ್ವಾಮಿ, ಅಭ್ಯಾಸ" ಎಂದರು ಮಾವ. ಇಳಿಹೊತ್ತಿಗೆ ಇಡೀ ಓಣಿ ಒಂದೇ ಹಾಸು.

ಮೂರನೇ ದಿನ ಬೆಳಗ್ಗೆ ವ್ಯಾನು ಹಿಮ್ಮುಖವಾಗಿ ನಿಧಾನಕ್ಕೆ ಒಳಗೆ ಬಂತು. ಒಂಬತ್ತು ಮನೆಯವರೂ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಾವು ಕುರ್ಚಿ ತರಲು ಒಳಗೆ ಹೋದೆವು. ಬಂದು ನೋಡಿದರೆ ಅತ್ತೆ ಮಾವನ ತೋಳು ಹಿಡಿದು, ಎರಡು ಮೆಟ್ಟಿಲು ತಾವೇ ಇಳಿದು, ವ್ಯಾನಿನ ಬಾಗಿಲಲ್ಲಿ ನಿಂತಿದ್ದರು. "ಎಷ್ಟು ತಿಂಗಳಾಯ್ತು ಗೊತ್ತಾ, ನನ್ನ ಕಾಲಲ್ಲಿ ನಾನು ಮನೆಯಿಂದ ಹೊರಡದೆ" ಎಂದು ಕಣ್ಣೊರೆಸಿಕೊಂಡರು. ನಾನೂ ಅತ್ತುಬಿಟ್ಟೆ, ನಾಚಿಕೆಯೇನಿಲ್ಲ. ಒಂಬತ್ತನೇ ದಿನಕ್ಕೆ ಮಳೆ ಹಿಡಿಯಿತು. ಆ ಮಳೆಗಾಲ ಪೂರ್ತಿ ಅತ್ತೆಗೆ ಒಂದು ಡಯಾಲಿಸಿಸ್ಸೂ ತಪ್ಪಲಿಲ್ಲ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ದಾರಿಯೂ ನಿಮ್ಮದೇ ಆಗಿದ್ದರೆ ಒಬ್ಬೊಬ್ಬರೇ ಹೋಗಿ ಡಾಂಬರಿನ ರೇಟು ಕೇಳಬೇಡಿ. ಸಣ್ಣ ಕೆಲಸಕ್ಕೆ ರೇಟು ಹೆಚ್ಚು ಬೀಳುವುದು ಮೋಸವೆಂದು ಜಗಳಕ್ಕೂ ಇಳಿಯಬೇಡಿ. ಇಡೀ ದಾರಿ ಅಳೆಯಿರಿ, ಎಲ್ಲರೂ ಸೇರಿ ಒಂದೇ ಕೆಲಸವಾಗಿ ಕೊಡಿ. ಅಕ್ಕಪಕ್ಕದಲ್ಲಿ ಯಾರದಾದರೂ ಅಂಗಳಕ್ಕೆ ಡಾಂಬರು ಬೀಳುವುದಿದ್ದರೆ ಅದೇ ದಿನಕ್ಕೆ ನಿಮ್ಮದನ್ನೂ ಸೇರಿಸಿಕೊಳ್ಳಿ, ರೋಲರ್ ಒಂದೇ ಸಲ ಬರುತ್ತದೆ. ಎರಡು ಮೂರು ಕಡೆ ವಿಚಾರಿಸಿ, ಒಂದೇ ದಪ್ಪಕ್ಕೆ ವಿಚಾರಿಸಿ, ದಪ್ಪವನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ನನಗೆ ಬೇಡ ಎನ್ನುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ಅವರ ಬಾಗಿಲನ್ನು ಇವತ್ತು ತಟ್ಟಿ. ತೆರೆಯದಿದ್ದರೆ ನಾಳೆಯೂ ತಟ್ಟಿ. ಅವರ ಮನೆಯಲ್ಲೂ ಒಂದು ದಿನ ಯಾರಿಗೋ ಗಾಡಿ ಬಾಗಿಲವರೆಗೆ ಬರಲೇಬೇಕಾಗುತ್ತದೆ, ಅದನ್ನು ಅವರಿಗೆ ಹೇಳಿ.