ಒಳಗುರುತಿನ ಖಾನೆ

ಕುರಿ ಅಂದರೇನು ಎಂದು ಕಂಪ್ಯೂಟರಿಗೆ ಹೇಳಿಕೊಡುವುದು ಕುರಿ ಕಾಯುವುದಕ್ಕಿಂತ ದೊಡ್ಡ ತಲೆನೋವಿನ ಕೆಲಸ. ಕಾಯುವವನು ಒಂದು ಸಲ ಕಣ್ಣು ಹಾಯಿಸಿದರೆ ಸಾಕು, ಇದು ಯಾರದು, ಎಷ್ಟು ಹಲ್ಲಿನದು, ಯಾವ ತಾಯಿಯ ಮರಿ ಎಂದು ಹೇಳಿಬಿಡುತ್ತಾನೆ. ಕಂಪ್ಯೂಟರಿಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು? ಮೊದಲು ಕುರಿ ಎಂಬುದೊಂದು ಇದೆ ಅನ್ನಬೇಕು, ಅದು ಎಲಿಮೆಂಟು. ಆ ಕುರಿಗೆ ಬಣ್ಣವಿದೆ, ಹಲ್ಲಿವೆ, ಕಿವಿಯಲ್ಲಿ ಗುರುತಿದೆ ಎಂದು ಒಂದೊಂದಾಗಿ ಅಂಟಿಸಬೇಕು, ಅವು ಆಟ್ರಿಬ್ಯೂಟುಗಳು. ಪ್ರತಿಯೊಂದರ ಮುಂದೆಯೂ ಇದನ್ನು ತುಂಬಲೇಬೇಕೋ, ಬಿಟ್ಟರೂ ನಡೆಯುತ್ತದೋ ಎಂದು ಆರಿಸಬೇಕು. ಈ ಕಟ್ಟಳೆಗಳನ್ನೆಲ್ಲ ಬರೆದಿಡುವ ಕಡತಕ್ಕೆ ಸ್ಕೀಮಾ ಅನ್ನುತ್ತಾರೆ. ಸೊಲ್ಲಾಪುರದ ಹೋಟಗಿ ರಸ್ತೆಯ ಒಂದು ಸಣ್ಣ ಕಚೇರಿಯಲ್ಲಿ ಕೂತು ಪ್ರಣಿತಾ ಮಾಡುತ್ತಿದ್ದದ್ದು ಇದೇ ಕೆಲಸ.

ಅವಳು ಚಪಳಗಾಂವದ ಗೊಲ್ಲಾಳಪ್ಪನ ಮಗಳು. ನೂರಾ ಇಪ್ಪತ್ತು ಕುರಿಯ ಮನೆತನ, ಕುರುಬರ ದೇವರು ಬಿರೋಬನ ಒಕ್ಕಲು. ಒಂದು ವಿಮೆ ಕಂಪನಿಯವರು ಅಕ್ಕಲಕೋಟ ತಾಲೂಕಿನ ಕುರಿಗಳನ್ನೆಲ್ಲ ದಾಖಲೆ ಮಾಡಿಕೊಡಿ ಎಂದು ಬಂದಾಗ ಕೆಲಸ ನೆಟ್ಟಗೆ ಅವಳ ಮೇಜಿಗೇ ಬಂತು. ಉಳಿದವರಿಗೆ ಕುರಿ ಅಂದರೆ ಭಾನುವಾರದ ಮಟನ್ನು, ಇನ್ನೇನು ಗೊತ್ತು? ನಾಲ್ಕು ವರ್ಷ ಆ ಕಚೇರಿಯಲ್ಲಿ ಹಳ್ಳಿಯವಳು ಅನ್ನಿಸಿಕೊಂಡಿದ್ದ ಪ್ರಣಿತಾಗೆ ಆ ದಿನ ಎದೆ ಉಬ್ಬಿತ್ತು.

ಅವಳ ಪಕ್ಕದ ಕುರ್ಚಿ ಪ್ರಾಜಕ್ತಾಳದು. ಅಕ್ಕಲಕೋಟದವಳು, ಮನೆಯಲ್ಲಿ ಕನ್ನಡ, ಓದಿದ್ದು ಮರಾಠಿ. ಇಬ್ಬರದೂ ಒಂದೇ ಬಾಡಿಗೆ ಕೋಣೆ, ಒಂದೇ ಡಬ್ಬಿಯ ಊಟ. ಶನಿವಾರ ಸಂಜೆ ಎಸ್‌ಟಿ ಬಸ್ಸಿನಲ್ಲಿ ಒಂದೇ ಸೀಟು ಹಿಡಿದು ಅಕ್ಕಲಕೋಟದವರೆಗೆ ಹರಟುತ್ತ ಹೋಗುವವರು. ಅಕ್ಕತಂಗಿಯರಾ ಎಂದು ಕಂಡಕ್ಟರು ಕೇಳಿದರೆ ಹೌದು ಅನ್ನುತ್ತಿದ್ದರು.

ಒಂದು ಭಾನುವಾರ ಪ್ರಾಜಕ್ತಾ ಚಪಳಗಾಂವಕ್ಕೂ ಬಂದಳು. ಪ್ರಣಿತಾಳ ಅಜ್ಜಿ ಹಣಮವ್ವ ಬಿಸಿ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಇಟ್ಟು ಉಪಚಾರ ಮಾಡಿದಳು. ಉಂಡು ಕೈ ತೊಳೆದ ಮೇಲೆ ಪ್ರಣಿತಾ ಲ್ಯಾಪ್‌ಟಾಪು ತೆರೆದು ಅಪ್ಪನ ಎದುರು ಕೂತಳು.

“ಬಣ್ಣ ಬರ್ಕೋ. ಕರಿ, ಕೆಂದ, ಬೋರಿ,” ಎಂದ ಗೊಲ್ಲಾಳಪ್ಪ. “ಎರಡಲ್ಲು, ನಾಕಲ್ಲು, ಹಲ್ಲೆಲ್ಲಾ ಬಂದು ಬಾಯಿಗೂಡಿದ್ದು, ಅದನ್ನೂ ಬರ್ಕೋ. ಆಮ್ಯಾಲ ಕಿವಿ ಗುರುತು. ಇನ್ನೊಂದು ಐತಿ, ಅದು ಬರಿಯಾಂಗಿಲ್ಲ.”

ಆ ಇನ್ನೊಂದು ಅಂದರೆ ಒಳಗುರುತು. ಕಿವಿಯ ಗುರುತು ಊರಿಗೆಲ್ಲ ಕಾಣುತ್ತದೆ. ಕಳ್ಳ ಕಿವಿಯನ್ನೇ ಕತ್ತರಿಸಿಬಿಟ್ಟರೆ ಅದೂ ಇಲ್ಲ. ಅದಕ್ಕೇ ಪ್ರತಿ ಮನೆತನವೂ ಕುರಿಯ ಮೈಯಲ್ಲಿ ಕಾಣದ ಕಡೆ ಇನ್ನೊಂದು ಗುರುತು ಹಾಕಿರುತ್ತದೆ. ಜಗಳ ಬಂದಾಗ ಬಿರೋಬನ ಗುಡಿಯ ಮುಂದೆ ಕೈಯಲ್ಲಿ ದೇವರ ಅರಿಸಿನ, ಅಂದರೆ ಭಂಡಾರ ಹಿಡಿದು ಪಂಚರ ಕಿವಿಯಲ್ಲಿ ಅದನ್ನು ಹೇಳಬೇಕು. ಹೇಳಿದ ಮೇಲೆ ಕುರಿಯನ್ನು ಕೆಡವಿ ನೋಡುತ್ತಾರೆ. ಹೇಳಿದ್ದು ಸಿಕ್ಕರೆ ಕುರಿ ಅವನದು, ಮುಗಿಯಿತು. ಗೊಲ್ಲಾಳಪ್ಪನ ಮನೆತನದ ಒಳಗುರುತು ಏನೆಂದು ನಾನು ಮಾತ್ರ ಇಲ್ಲಿ ಬರೆಯುವುದಿಲ್ಲ. ಬರೆದು ಆದ ಅನಾಹುತವೇ ಸಾಕು.

ಅದನ್ನು ಮನೆಯ ಗಂಡಸರಿಗಷ್ಟೇ ಹೇಳುವ ಪದ್ಧತಿ. ಹೆಣ್ಣುಮಗಳು ನಾಳೆ ಇನ್ನೊಂದು ಮನೆಗೆ ಹೋಗುವವಳು, ಅವಳಿಗೇಕೆ ಎಂದು. ಆದರೆ ಆ ದಿನ ಗೊಲ್ಲಾಳಪ್ಪ ಪ್ರಾಜಕ್ತಾಳನ್ನು ಅಂಗಳದಲ್ಲೇ ಬಿಟ್ಟು ಮಗಳನ್ನು ದೊಡ್ಡಿಗೆ ಕರೆದುಕೊಂಡು ಹೋದ.

“ಸೂರಜಗ ಹೇಳೀನಿ, ನಿನಗ್ಯಾಕ ಹೇಳಬಾರದು. ಇಷ್ಟ ಓದಿ ಕುರಿ ಕೆಲಸಾನ ಮಾಡಾಕತ್ತಿ,” ಎಂದು ಒಂದು ಕುರಿಯನ್ನು ಹಿಡಿದು ತೋರಿಸಿಯೂಬಿಟ್ಟ. ತಮ್ಮ ಸೂರಜನಿಗೆ ಸಿಕ್ಕಿದ್ದು ತನಗೂ ಸಿಕ್ಕಿತಲ್ಲ ಎಂದು ಪ್ರಣಿತಾ ಬಗ್ಗಿ ಆ ಗುರುತಿನ ಮೇಲೆ ಬೆರಳಾಡಿಸಿದಳು.

“ಗುರುತು ಏನಂತ ನಾ ಎಲ್ಲೂ ತುಂಬೂದಿಲ್ಲಪ್ಪ,” ಎಂದಳು. “ಕುರಿಗಿ ಇಂಥಾದೊಂದು ಇರತದ ಅಂತ ಜಾಗಾ ಅಷ್ಟ ಇಡತೀನಿ.”

“ತುಂಬಲಾರದ ಖಾನಿ ಯಾಕ ಬೇಕವ್ವಾ?”

ನೋಡಿ, ಒಂದು ದಿನವೂ ಸಾಲೆಯ ಮುಖ ನೋಡದ ಮನುಷ್ಯ ಕೇಳಿದ ಪ್ರಶ್ನೆ ಅದು. ಅವಳದು ಇರುವುದನ್ನೆಲ್ಲ ಸ್ಕೀಮಾದಲ್ಲಿ ತೋರಿಸಬೇಕು ಎಂಬ ಕಸುಬಿನ ಹುಚ್ಚು, ಅಷ್ಟೇ. ಸೋಮವಾರ ಕುರಿ ಎಂಬ ಎಲಿಮೆಂಟಿಗೆ ಒಳಗುರುತು ಎಂಬ ಆಟ್ರಿಬ್ಯೂಟು ಸೇರಿಸಿದಳು. ತುಂಬದಿದ್ದರೂ ನಡೆಯುತ್ತದೆ ಎಂಬುದನ್ನು ಆರಿಸಿದಳು. ಕೆಳಗೆ ಟಿಪ್ಪಣಿ ಬರೆದಳು: ‘ಇದು ಮನೆತನದ ಗುಟ್ಟು, ಯಾರನ್ನೂ ಕೇಳತಕ್ಕದ್ದಲ್ಲ.’ ಅದನ್ನು ಮರಾಠಿಗೆ ಮಾಡಿಕೊಟ್ಟವಳು ಪ್ರಾಜಕ್ತಾ.

ಆಮೇಲೆ ಪ್ರಣಿತಾ ಟೈಫಾಯ್ಡ್ ಬಂದು ಆಸ್ಪತ್ರೆ ಸೇರಿದಳು. ಹತ್ತು ದಿನ ಕಡತವನ್ನು ಪ್ರಾಜಕ್ತಾ ನೋಡಿಕೊಂಡಳು. ಹೊತ್ತುಹೊತ್ತಿಗೆ ಗಂಜಿ ತಂದು ಕುಡಿಸಿದವಳೂ ಅವಳೇ. ಎದ್ದು ಬಂದಾಗ ಸ್ಕೀಮಾ ಕೆಲಸ ಮುಗಿದಿದೆ ಅಂದರು, ಅವಳಿಗೆ ಬೇರೆ ಕೆಲಸ ಕೊಟ್ಟರು. ಪ್ರಾಜಕ್ತಾ ತಂಡದ ಮುಖ್ಯಸ್ಥೆಯಾದಳು. ಪ್ರಣಿತಾಳೇ ಎಲ್ಲರಿಗೂ ಪೇಢೆ ಹಂಚಿದಳು.

ಎರಡು ತಿಂಗಳ ಮೇಲೆ ಗೊಲ್ಲಾಳಪ್ಪನ ಐದು ಕುರಿ ಕಳುವಾದವು. ಹುಡುಕಿ ಹುಡುಕಿ ವಾಗದರಿಯ ಸಾತಲಿಂಗಪ್ಪನ ಹಟ್ಟಿಯಲ್ಲಿ ಸಿಕ್ಕವು. ಸಾತಲಿಂಗಪ್ಪ ಕುರಿ ವ್ಯಾಪಾರಿ, ಜೊತೆಗೆ ಅದೇ ವಿಮೆ ಕಂಪನಿಯ ಏಜೆಂಟ. ಐದರ ಕಿವಿಗಳನ್ನೂ ಹೊಸದಾಗಿ ಕತ್ತರಿಸಲಾಗಿತ್ತು. ಭಾನುವಾರ ಗುಡಿಯ ಮುಂದೆ ಪಂಚರು ಕೂತರು. ಊರಿಗೆ ಬಂದಿದ್ದ ಪ್ರಣಿತಾ ಹೆಂಗಸರ ಸಾಲಿನಲ್ಲಿ ಹಣಮವ್ವನ ಪಕ್ಕ ನಿಂತಿದ್ದಳು. ಅವಳಿಗೆ ಎಳ್ಳಷ್ಟೂ ಚಿಂತೆ ಇರಲಿಲ್ಲ.

ಗೊಲ್ಲಾಳಪ್ಪ ಭಂಡಾರ ಹಿಡಿದು ಹಿರಿಯ ಪಂಚನ ಕಿವಿಯಲ್ಲಿ ಹೇಳಿದ. ಸಾತಲಿಂಗಪ್ಪನೂ ಹೇಳಿದ. ಹಿರಿಯ ಉಳಿದ ಪಂಚರ ಕಡೆ ತಿರುಗಿದ.

“ಇಬ್ಬರೂ ಒಂದ ಹೇಳ್ಯಾರ,” ಎಂದ.

ಕುರಿಗಳನ್ನು ಕೆಡವಿ ನೋಡಿದರು. ಗುರುತು ಇತ್ತು. ಅದನ್ನು ಇಬ್ಬರೂ ಬಲ್ಲರು ಅಂದಮೇಲೆ ತೀರ್ಪು ಹೇಗೆ ಮಾಡುವುದು? ಯಾರ ಹಟ್ಟಿಯಲ್ಲಿ ಸಿಕ್ಕವೋ ಅಲ್ಲೇ ಇರಲಿ ಅಂದರು.

“ಗೊಲ್ಲಾಳಪ್ಪಾ, ಯಾರ ಮುಂದ ಬಾಯಿ ಬಿಟ್ಟಿದ್ದಿ?” ಎಂದು ಹಿರಿಯ ಕೇಳಿದ.

“ಕಂಪನಿ ಹುಡುಗ್ರು ಟ್ಯಾಬ್ ತಗೊಂಡು ಬಂದಿದ್ರು. ಒಳಗುರುತು ಹೇಳಲಿಲ್ಲಂದ್ರ ಫಾರ್ಮ ಮುಂದ ಹೋಗಾಂಗಿಲ್ಲ ಅಂದ್ರು. ನಾ ಒಲ್ಲೆ ಅಂದ್ನಿ. ಆಗ ಹೆಸರು ತೋರಿಸಿದ್ರು. ಇದನ್ನ ಮಾಡಿದಾಕಿ ನಿಮ್ಮ ಮಗಳ ಅದಾಳಲ್ರಿ ಅಂದ್ರು.” ಗೊಲ್ಲಾಳಪ್ಪ ನೆಲ ನೋಡುತ್ತಿದ್ದ. “ಆಕಿ ಕೇಳ್ಯಾಳಂದ್ರ ಏನರ ಕಾರಣ ಇರಬೇಕಂತ ಹೇಳಿದ್ನಿ.”

“ಮಗಳಿಗಿ ಒಂದ ಫೋನ್ ಹಚ್ಚಿ ಕೇಳಬಾರದಾ?”

“ಅದು ಫೋನಿನ್ಯಾಗ ಆಡೂ ಮಾತಲ್ರಿ.”

ಹೆಣ್ಣುಮಗಳಿಗೆ ಹೇಳಿದರೆ ಇನ್ನೇನಾಗುತ್ತದೆ ಎಂದು ಹಿಂದಿನಿಂದ ಯಾರೋ ಗೊಣಗಿದರು. ನಾನು ಕೇಳಿಲ್ಲ ಎಂದು ಹೆಂಗಸರ ಸಾಲಿನಿಂದ ಕೂಗಿ ಹೇಳುವುದು ಪ್ರಣಿತಾಳಿಂದ ಆಗಲಿಲ್ಲ.

ಮರುದಿನ ಕಚೇರಿ ಬಾಗಿಲು ತೆಗೆಯುವ ಮೊದಲೇ ಹೋಗಿ ಕಾದು ನಿಂತು, ಒಳಗೆ ಹೋದದ್ದೇ ಆ ಕಡತ ತೆರೆದಳು. ಎಡಗಡೆಯ ಪಟ್ಟಿಯಲ್ಲಿ ಕುರಿ, ಅದರ ಕೆಳಗೆ ಬಣ್ಣ, ಹಲ್ಲು, ಕಿವಿಗುರುತು, ಒಳಗುರುತು. ಕೊನೆಯದರ ಮುಂದೆ ‘ಕಡ್ಡಾಯ’ ಎಂದಿತ್ತು. ಟಿಪ್ಪಣಿ ಇರಲಿಲ್ಲ. ಬದಲಾಯಿಸಿದವರ ಹೆಸರು ಪ್ರಣಿತಾ, ತಾರೀಖು ಅವಳಿಗೆ ನೂರಾ ಮೂರು ಜ್ವರ ಇದ್ದ ದಿನ. ಜ್ವರದ ಅಮಲಿನಲ್ಲಿ ತಾನೇ ಮಾಡಿದೆನೇನೋ ಎಂದು ಹುಡುಗಿ ಒಂದು ಗಳಿಗೆ ತನ್ನನ್ನೇ ಶಂಕಿಸಿದಳು. ಪ್ರಾಜಕ್ತಾಳ ಮೇಲೆ ಅವಳಿಗೆ ಅಷ್ಟು ನಂಬಿಕೆ.

ಪ್ರಾಜಕ್ತಾ ಬಂದು ಬ್ಯಾಗು ಇಟ್ಟು ಕೂತಳು. ಪರದೆ ನೋಡಿದಳು.

“ಹೌದು, ನಾನ ಮಾಡೀನಿ,” ಎಂದಳು. “ಕಂಪನಿಯವ್ರಿಗಿ ಪಾಹಿಜೆ ಇತ್ತು, ಬೇಕ ಬೇಕು ಅಂದ್ರು. ಬಿಟ್ರೂ ನಡೀತದ ಅಂತ ಇಟ್ರ ಯಾರ ತುಂಬತಾರ?”

“ಟಿಪ್ಪಣಿ ನೀನ ಮರಾಠಿಗಿ ಮಾಡಿದ್ದಿ. ನಿನಗ ಗೊತ್ತಿತ್ತು.”

“ಗೊತ್ತಿತ್ತು. ಕೆಲಸ ನಿಲ್ಲತಿತ್ತು, ಅದಕ ತೆಗೆದ್ನಿ.”

“ನನ್ನ ಹೆಸರ ಯಾಕ ಹಾಕಿದಿ?”

ಪ್ರಾಜಕ್ತಾ ತನ್ನ ಕಂಪ್ಯೂಟರು ಹಚ್ಚಿದಳು. “ನಿನ್ನ ಹೆಸರ ಇದ್ರ ನಿಮ್ಮ ಮಂದಿ ಹೇಳತಾರ ಅನಸ್ತು. ನನ್ನ ಹೆಸರ ನೋಡಿ ಯಾರ ಹೇಳತಿದ್ರು? ಅಗ ಪ್ರಣಿತಾ, ಇಷ್ಟ ಯಾಕ ಮನಸ್ಸಿಗಿ ಹಚ್ಕೋತಿ, ಒಂದು ಆಟ್ರಿಬ್ಯೂಟ್ ಅಲಾ ಅದು.”

ಬದಲಾಯಿಸಿದ್ದನ್ನಾದರೂ ಪ್ರಣಿತಾ ನುಂಗಿಕೊಳ್ಳುತ್ತಿದ್ದಳೋ ಏನೋ. ಅಪ್ಪನ ಬಾಯಿ ತೆರೆಸಲು ಯಾವ ಹೆಸರು ಬೇಕು ಎಂದು ಪ್ರಾಜಕ್ತಾಳಿಗೆ ಗೊತ್ತಾದದ್ದು ಅದೇ ಅಪ್ಪನ ಮನೆಯಲ್ಲಿ ರೊಟ್ಟಿ ತಿಂದು. ಅದನ್ನು ಲೆಕ್ಕ ಹಾಕಿ, ಗಂಜಿ ಕುಡಿಸಿದ ದಿನವೇ ಮಾಡಿದ್ದಳು. ಪ್ರಣಿತಾ ಕಚೇರಿಯ ಸಾಹೇಬರ ಹತ್ತಿರ ಹೋದರೆ, ಹದಿನಾಲ್ಕು ಊರಿನ ಮಾಹಿತಿ ಆಗಲೇ ಕಂಪನಿಗೆ, ಅಲ್ಲಿಂದ ಏಜೆಂಟರಿಗೆ ಹೋಗಿಯಾಯಿತು, ಈಗೇನು ಮಾಡುವುದು ಅಂದರು. ಪ್ರಣಿತಾ ಅಂದೇ ಕೆಲಸ ಬಿಟ್ಟಳು, ಸಂಜೆಗೆ ಕೋಣೆಯನ್ನೂ.

ಹಳೆಯ ಸ್ಕೀಮಾ, ಹೊಸ ಸ್ಕೀಮಾ, ಆಸ್ಪತ್ರೆಯ ಚೀಟಿ ಎಲ್ಲ ಕೈಯಲ್ಲಿ ಹಿಡಿದು ಊರಿಗೆ ಬಂದು ಅಪ್ಪನ ಮುಂದೆ ಕೂತು ನಡೆದದ್ದನ್ನೆಲ್ಲ ಹೇಳಿದಳು. ಗೊಲ್ಲಾಳಪ್ಪ ಕಾಗದಗಳನ್ನು ನೋಡದೆ ಬದಿಗಿಟ್ಟ.

“ಇವು ನನಗ್ಯಾಕ? ನೀ ಮಾಡಿಲ್ಲಂದ್ರ ಮಾಡಿಲ್ಲ, ಮುಗೀತು,” ಎಂದ. ಪ್ರಣಿತಾ ಸಣ್ಣ ಮಗುವಾಗಿದ್ದಾಗ ಅತ್ತಂತೆ ಅತ್ತಳು. ಹಣಮವ್ವ ಬೆನ್ನು ಸವರುತ್ತ ಕೂತಳು.

ಮರುದಿನ ಬೆಳಿಗ್ಗೆ ದೊಡ್ಡಿಯಲ್ಲಿ ಬೆಂಕಿ ಹಾಕಿ ಕಬ್ಬಿಣ ಕಾಯಲು ಇಟ್ಟಿದ್ದರು. ಹಳೆಯ ಗುರುತು ಊರ ಪಾಲಾಗಿತ್ತು, ಉಳಿದ ಕುರಿಗಳಿಗೆಲ್ಲ ಹೊಸ ಒಳಗುರುತು ಹಾಕಬೇಕು. ಅಷ್ಟು ಕುರಿ ಹಿಡಿಯಲು ಅಪ್ಪ ಮತ್ತು ಸೂರಜ ಇಬ್ಬರೇ ಸಾಲುವುದಿಲ್ಲವೆಂದು ಪ್ರಣಿತಾ ಸೆರಗು ಸಿಕ್ಕಿಸಿಕೊಂಡು ದೊಡ್ಡಿಯ ಬಾಗಿಲಿಗೆ ಬಂದಳು. ಗೊಲ್ಲಾಳಪ್ಪ ಎದ್ದು ಬಂದು ಅಡ್ಡ ನಿಂತ.

“ನೀ ಮನಿಗಿ ನಡಿಯವ್ವಾ.”

“ನಾ ಮಾಡಿಲ್ಲಂತ ನಂಬಿದ್ದಿ ಅಲಾ, ಯಪ್ಪಾ?”

“ನಂಬೀನಿ.” ಅವನ ದನಿ ಮೆತ್ತಗಿತ್ತು. “ಆದ್ರ ನಾಳಿ ನಿನ್ನ ಹೆಸರು ಹೇಳಿ ಮತ್ತ್ಯಾರರ ಬಂದು ಕೇಳಿದ್ರ ನಾ ಮತ್ತ ಹೇಳಿಬಿಡತೀನಿ, ತಾಯಿ. ಹೊಸ ಗುರುತು ನಿನಗ ಗೊತ್ತಿಲ್ಲ ಅನ್ನೂದು ನನಗ ಗೊತ್ತಿದ್ರ, ನಿನ್ನ ಹೆಸರಿಗೂ ಹೇಳೂದಿಲ್ಲ.”

ಸೂರಜ ಅಕ್ಕನ ಮುಖ ನೋಡದೆ ಮುಳ್ಳಿನ ಬಾಗಿಲು ಎಳೆದುಕೊಂಡ. ಪ್ರಣಿತಾ ಮನೆಗೆ ಹೋಗಲಿಲ್ಲ. ಬಾಗಿಲಿಗೆ ಬೆನ್ನು ಮಾಡಿ ಹೊರಗೆ ಕೂತಳು, ಕೊನೆಯ ಕುರಿ ಕೂಗಿ ಸುಮ್ಮನಾಗುವವರೆಗೂ ಅತ್ತ ತಿರುಗಲಿಲ್ಲ.