ಕೂರಲಾಗದ ವೀರ

ಟೀವಿ ಧಾರಾವಾಹಿಗಳಿಗೆ ಹಾಸ್ಯ ಬರೆದೂ ಬರೆದೂ ಅವಳಿಗೆ ನಗೆಯಕ್ಕ ಎಂಬ ಹೆಸರೇ ಅಂಟಿಕೊಂಡುಬಿಟ್ಟಿತ್ತು. ಸಿನಿಮಾದವರು ಅವಳನ್ನು ಕರೆದದ್ದು ಇದೇ ಮೊದಲು. ಎಡಿಟಿಂಗ್ ಕೋಣೆಯ ಕತ್ತಲಲ್ಲಿ ಅವಳನ್ನು ಕೂರಿಸಿ ನಿರ್ಮಾಪಕ ಮುಕ್ಕಾಲು ಪಾಲು ಮುಗಿದಿದ್ದ ಚಿತ್ರ ತೋರಿಸಿದ. ಮೈಗಂಟಿದ ಕಪ್ಪು ಸೂಟು, ಕಪ್ಪು ಮುಸುಕು ತೊಟ್ಟ ವೀರನೊಬ್ಬ ಊರನ್ನು ನಡುಗಿಸುತ್ತಿದ್ದ ಕೊಲೆಗಾರನ ಬೆನ್ನು ಹತ್ತಿದ ಕಥೆ. ಹೆಣದ ಮೇಲೆ ಹೆಣ ಬೀಳುತ್ತಿತ್ತು. ವೀರ ಒಮ್ಮೆಯೂ ಮುಖ ಸಡಿಲಿಸುತ್ತಿರಲಿಲ್ಲ. ನಡುವೆ ಬಂದುಹೋಗುವ ನಾಯಿ ಕೂಡ ಮನೆಯಲ್ಲಿ ಯಾರೋ ತೀರಿಕೊಂಡ ಹಾಗೆ ತಲೆ ತಗ್ಗಿಸಿ ನಡೆಯುತ್ತಿತ್ತು.

“ಚೆನ್ನಾಗಿದೆ,” ಅಂದಳು ನಗೆಯಕ್ಕ. ನಿಜಕ್ಕೂ ಚೆನ್ನಾಗಿತ್ತು.

“ಚೆನ್ನಾಗೇನೋ ಇದೆ ಕಣಮ್ಮ. ಆದ್ರೆ ಜನ ಉಸಿರು ಬಿಡೋದೆಲ್ಲಿ?” ಅಂದ ನಿರ್ಮಾಪಕ. “ಅಲ್ಲೊಂದು ಇಲ್ಲೊಂದು ನಗು ಬರೋ ಹಾಗೆ ಏನಾದ್ರೂ ಸೇರಿಸಿ.”

ಪಕ್ಕದಲ್ಲಿ ಕೈಕಟ್ಟಿ ಕೂತಿದ್ದ ನಿರ್ದೇಶಕನಿಗೆ ಇದು ರುಚಿಸಲಿಲ್ಲ. ಅವನ ವಯಸ್ಸು ಚಿಕ್ಕದು, ಮುಖ ಮಾತ್ರ ತೀರ್ಪು ಓದಲು ಬಂದ ನ್ಯಾಯಾಧೀಶನದ್ದು. “ಒಂದ್ಸಲ ನಕ್ಕುಬಿಟ್ರೆ ಭಯ ಹೊರಟೋಗುತ್ತೆ ಮೇಡಂ. ಆಮೇಲೆ ಕೈಕಾಲು ಹಿಡ್ಕೊಂಡ್ರೂ ವಾಪಸ್ ಬರಲ್ಲ.”

ನಗೆಯಕ್ಕ ವಾದಕ್ಕಿಳಿಯಲಿಲ್ಲ. ಮನೆಗೆ ಹೋಗಿ ಬರೆದಳು. ಮಾಳಿಗೆಯ ಮೇಲೆ ವೀರ ಜಾರಿ ಬೀಳುವುದು, ಅಡಗಿ ಕೂತ ರೌಡಿಗೆ ಸೀನು ಬರುವುದು, ಹೀಗೆ. ನಿರ್ದೇಶಕ ಓದಿ ಹಾಳೆಗಳನ್ನು ಮೆಲ್ಲಗೆ ಅವಳತ್ತ ಸರಿಸಿದ. “ಟೀವಿಗೆ ಸರಿಹೋಗುತ್ತೆ,” ಅಂದ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆದರೆ ಹೊರಗೆ ಬಂದು ತಾನೇ ಮತ್ತೊಮ್ಮೆ ಓದಿದಾಗ, ಸಾವಿನ ಮನೆಗೆ ಪೀಪಿ ಊದುತ್ತ ಹೋದಂತಿತ್ತು. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಸಿಟ್ಟು ಇಳಿಯಲಿ ಎಂದು ಸ್ಟುಡಿಯೊ ಸುತ್ತಾಡುತ್ತ ವೇಷಭೂಷಣದ ಕೋಣೆ ಹೊಕ್ಕಳು. ಅಲ್ಲಿ ವೀರನ ಪಾತ್ರ ಮಾಡುವ ನಟ, ಸೂಟು ತೊಟ್ಟು, ಮುಸುಕನ್ನು ಹಣೆಗೇರಿಸಿಕೊಂಡು, ಗೋಡೆಗೆ ಒರಗಿ ನಿಂತೇ ಊಟ ಮಾಡುತ್ತಿದ್ದ.

“ಕೂತ್ಕೊಂಡು ತಿನ್ನಪ್ಪ,” ಅಂದಳು.

“ಆಗಲ್ಲಕ್ಕ. ಈ ಸೂಟಲ್ಲಿ ಹಾರಬಹುದು, ಜನಾನ ಹೊಡೀಬಹುದು. ಕೂರೋಕೆ ಮಾತ್ರ ಆಗಲ್ಲ. ಬಗ್ಗಿದ್ರೆ ಹಿಂದ್ಗಡೆ ಬಿರಿಯುತ್ತೆ.”

ಮೂಲೆಯಲ್ಲಿದ್ದ ದರ್ಜಿ ಬಾಯಲ್ಲಿದ್ದ ಗುಂಡುಸೂಜಿಗಳನ್ನು ತೆಗೆದ. “ಈಗಾಗ್ಲೇ ಎರಡು ಸಲ ಬಿರಿದಿದೆ. ಇನ್ನೊಂದ್ಸಲ ಆದ್ರೆ ನಾನು ಕೆಲಸ ಬಿಟ್ಟೆ ಅಂತ ಎಲ್ರಿಗೂ ಹೇಳಿದೀನಿ.”

ನಗೆಯಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಇಡೀ ಊರನ್ನೇ ಕಾಯುವವನಿಗೆ ಕುರ್ಚಿಯ ಮುಂದೆ ಸೋಲು. ಕಣ್ಣೊರೆಸಿಕೊಳ್ಳುವಾಗ ಎಲ್ಲಿಂದಲೋ ಅಪ್ಪ ಸತ್ತ ದಿನ ನೆನಪಾಯಿತು.

ಅಂದು ಅಮ್ಮ ಕಲ್ಲಿನ ಹಾಗೆ ಕೂತಿದ್ದಳು. ಅಳುವೂ ಇಲ್ಲ, ಮಾತೂ ಇಲ್ಲ. ಸಮಾಧಾನ ಹೇಳಲು ಬಂದ ಪಕ್ಕದ ಮನೆಯ ದಢೂತಿ ಯಜಮಾನರು ಬೆತ್ತದ ಕುರ್ಚಿಯಲ್ಲಿ ಕೂತು, “ಧೈರ್ಯ ತಂದ್ಕೊಳ್ಳಮ್ಮ,” ಅನ್ನುವಷ್ಟರಲ್ಲಿ ಬೆತ್ತ ಕಿತ್ತುಹೋಗಿ ಅವರು ಕುರ್ಚಿಯೊಳಗೇ ಇಳಿದುಹೋದರು. ಕಾಲೆರಡೂ ಮೇಲೆ. ಮೊದಲು ನಕ್ಕದ್ದು ಅಮ್ಮ. ನಗುತ್ತ ನಗುತ್ತಲೇ ಅವಳಿಗೆ ಅಳು ಬಂತು. ಆ ನಗು ಬರದಿದ್ದರೆ ಅಳುವೂ ಬರುತ್ತಿರಲಿಲ್ಲವೇನೋ ಎಂದು ನಗೆಯಕ್ಕನಿಗೆ ಆಗಾಗ ಅನಿಸಿದ್ದಿತ್ತು.

ಸೂಟಿನ ವಿಷಯವನ್ನೂ ಇದನ್ನೂ ಅವಳು ಉಪ್ಪುಖಾರ ಹಚ್ಚದೆ, ಇದ್ದದ್ದು ಇದ್ದ ಹಾಗೆ ನಿರ್ದೇಶಕನಿಗೆ ಹೇಳಿದಳು. ಅವನು ಕಟ್ಟಿದ್ದ ಕೈ ಬಿಚ್ಚಿದ.

“ಬರೀರಿ,” ಅಂದ. “ಆದ್ರೆ ಯಾರೂ ನಗಿಸೋಕೆ ಹೋಗಬಾರದು.”

“ಯಾರೂ ಹೋಗಲ್ಲ,” ಅಂದಳು.

ಚಿತ್ರದಲ್ಲಿ ಕೊಲೆಯಾದ ಪೊಲೀಸನೊಬ್ಬನ ತಾಯಿಗೆ ವೀರ ಸುದ್ದಿ ಮುಟ್ಟಿಸುವ ದೃಶ್ಯವಿತ್ತು. ಮೊದಲು ಅವನು ಹೊಸ್ತಿಲಲ್ಲೇ ಹೇಳಿ ಮಾಯವಾಗುತ್ತಿದ್ದ. ಈಗ ನಗೆಯಕ್ಕ ಅವನನ್ನು ಒಳಗೆ ಕರೆಸಿದಳು. ಅಂಗಿಗೆ ಗುಂಡಿ ಹೊಲಿಯುತ್ತಿದ್ದ ಮುದುಕಿ “ಕೂತ್ಕೊಳ್ಳಪ್ಪ” ಅನ್ನುತ್ತಾಳೆ. ಅವನು ಏನೇನೋ ನೆಪ ಹೇಳಿ ನಿಂತೇ ಇರುತ್ತಾನೆ. ಬರೆದದ್ದು ಅಷ್ಟೇ.

ಶೂಟಿಂಗ್ ದಿನ ತಾಯಿಯ ಪಾತ್ರ ಮಾಡಿದ ಹಿರಿಯ ನಟಿ ಪಾತ್ರದಲ್ಲಿ ಎಷ್ಟು ಮುಳುಗಿದಳೆಂದರೆ, ಎದ್ದು ಬಂದು ಅವನ ಕೈ ಹಿಡಿದು ಎಳೆದು ಕೂರಿಸಿಯೇಬಿಟ್ಟಳು.

ಪರ್ರ್ ಎಂದಿತು ಸೂಟು. ಸೆಟ್ಟಿನ ಮೂಲೆಮೂಲೆಗೂ ಕೇಳಿಸಿತು. ದರ್ಜಿ ತಲೆಯ ಮೇಲೆ ಕೈಹೊತ್ತು ನಿಂತ. ನಟನ ಕಿವಿ ಕೆಂಪಾಯಿತು. ಮುದುಕಿ ಮಾತ್ರ ಪಾತ್ರ ಬಿಡಲಿಲ್ಲ. ಕನ್ನಡಕ ಸರಿಮಾಡಿಕೊಂಡಳು.

“ಯಾರಪ್ಪ ಹೊಲಿದಿದ್ದು ಇದನ್ನ? ಅಳತೆ ತಗೊಳ್ಳೋವಾಗ ಕೂರಿಸಿ ನೋಡ್ಲಿಲ್ವಾ? ಏಳು, ಆ ಕಡೆ ತಿರುಗು.”

ಕೈಯಲ್ಲಿದ್ದ ಸೂಜಿದಾರದಿಂದಲೇ ಹೊಲಿಯತೊಡಗಿದಳು. ಗೋಡೆಗೆ ಮುಖ ಮಾಡಿ ನಿಂತ ನಟ ಹೇಳಬೇಕಿದ್ದ ಮಾತು ಇನ್ನೂ ಬಾಕಿಯಿತ್ತು. ಅವನು ಗೋಡೆಗೇ ಹೇಳಿದ. “ಅಮ್ಮಾ, ನಿಮ್ಮ ಮಗ ಇನ್ನು ಮನೆಗೆ ಬರಲ್ಲ.”

ಸೂಜಿ ನಿಂತಿತು. ಆಮೇಲೆ ಮತ್ತೆ ಓಡಿತು.

“ಅಲ್ಲಾಡಬೇಡ,” ಅಂದಳು ಮುದುಕಿ. “ಚುಚ್ಚುತ್ತೆ.”

ಕಟ್ ಎನ್ನಬೇಕಾದ ನಿರ್ದೇಶಕನ ದನಿಯೇ ಇಲ್ಲ. ನಗೆಯಕ್ಕ ತಿರುಗಿ ನೋಡಿದಳು. ಅವನು ಕೊರಳಲ್ಲಿದ್ದ ಟವೆಲ್ಲನ್ನು ಬಾಯಿಗೆ ತುರುಕಿಕೊಂಡಿದ್ದ. ಕಣ್ಣು ಒದ್ದೆಯಾಗಿತ್ತು. ನಕ್ಕದ್ದಕ್ಕೋ ಅತ್ತದ್ದಕ್ಕೋ ಅವನಿಗೇ ತಿಳಿದಂತಿರಲಿಲ್ಲ. ದರ್ಜಿ ಕೆಲಸ ಬಿಡಲಿಲ್ಲ. ಮುದುಕಿ ಹಾಕಿದ ಹೊಲಿಗೆಯನ್ನು ಬೆರಳಾಡಿಸಿ ನೋಡಿ, “ಪರವಾಗಿಲ್ಲ,” ಎಂದು ಗೊಣಗಿದ.

ಬಿಡುಗಡೆಗೆ ಮೊದಲಿನ ಪ್ರದರ್ಶನಕ್ಕೆ ನಗೆಯಕ್ಕ ಅಮ್ಮನನ್ನೂ ಕರೆದುಕೊಂಡು ಹೋದಳು. ಸೂಟು ಬಿರಿದಾಗ ಚಿತ್ರಮಂದಿರ ಒಂದೇ ಸಲ ಘೊಳ್ಳೆಂದಿತು. ಹಿಂದಿನ ಸಾಲಿನ ಹೆಂಗಸೊಬ್ಬಳಿಗೆ ನಗು ತಡೆಯಲಾಗದೆ ಬಿಕ್ಕಳಿಕೆ ಹತ್ತಿತು. ಅಷ್ಟರಲ್ಲಿ ವೀರ ಗೋಡೆಗೆ ಆ ಮಾತು ಹೇಳಿದ. ನಗು ಅರ್ಧಕ್ಕೇ ಕತ್ತರಿಸಿಹೋಯಿತು. ಆ ಮೌನದಲ್ಲಿ ಸೂಜಿ ಬಟ್ಟೆಯೊಳಗೆ ಹೋಗಿಬರುವ ಸದ್ದೊಂದೇ ಕೇಳಿಸುತ್ತಿತ್ತು. ಅಮ್ಮ ಮಗಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ನಿಮ್ಮಪ್ಪ ಇದ್ದಿದ್ರೆ, ಅದನ್ನ ಇನ್ನೊಂದ್ಸಲ ಹಾಕಿ ಅಂತಿದ್ರು,” ಎಂದು ಪಿಸುಗುಟ್ಟಿದಳು.

ಮುಂದಿನ ದೃಶ್ಯದಲ್ಲಿ ಕೊಲೆಗಾರ ಅದೇ ಮುದುಕಿಯ ಬೀದಿಗೆ ಕಾಲಿಟ್ಟಾಗ ಜನ ಕುರ್ಚಿಯಲ್ಲಿ ಮುದುಡಿ ಕೂತರು. ಅಷ್ಟು ಹೊತ್ತು ಬರೀ ಕಥೆಯನ್ನು ನೋಡುತ್ತಿದ್ದವರಿಗೆ ಈಗ ಅವಳು ತಮ್ಮ ಮನೆಯವಳೇ ಆಗಿಬಿಟ್ಟಿದ್ದಳು. ಕೊನೆಯ ಸಾಲಿನ ಹಿಂದೆ ಗೋಡೆಗೊರಗಿ ನಿಂತಿದ್ದ ನಿರ್ದೇಶಕ ಪರದೆಯತ್ತ ನೋಡುತ್ತಲೇ ಇರಲಿಲ್ಲ; ಜನರ ಬೆನ್ನುಗಳನ್ನು ನೋಡುತ್ತಿದ್ದ.

ಆಟ ಮುಗಿದ ಮೇಲೆ ಅವನು ಹುಡುಕಿಕೊಂಡು ಬಂದ. ನಗೆಯಕ್ಕನಿಗೆ ಏನೋ ಹೇಳಲು ಹೊರಟವನು ಅಮ್ಮನತ್ತ ತಿರುಗಿದ. “ಹೇಗಿತ್ತಮ್ಮ?”

“ಚೆನ್ನಾಗಿತ್ತಪ್ಪ. ಆದ್ರೆ ತುಂಬ ಕತ್ತಲು. ಅವನಿಗೆ ಲೈಟ್ ಹಾಕ್ಕೊಂಡು ಕೊಲೆ ಮಾಡೋಕೆ ಏನು ಕಷ್ಟ?”

ನಿರ್ದೇಶಕ ಬಾಯ್ತುಂಬ ನಕ್ಕ. ಕೇಳಿದರೆ ಯಾರಾದರೂ ಚಿಕ್ಕ ಹುಡುಗನೆಂದುಕೊಳ್ಳಬೇಕು, ಅಂಥ ನಗು. ಮೆಟ್ಟಿಲಿಳಿಯಲು ಅಮ್ಮನಿಗೆ ಕೈಕೊಟ್ಟು, ಅವಳ ಚೀಲವನ್ನು ತಾನೇ ಹೆಗಲಿಗೇರಿಸಿಕೊಂಡ. ಅಮ್ಮ ಇಳಿಯುತ್ತಲೇ ಉಳಿದ ತಪ್ಪುಗಳನ್ನೂ ಒಂದೊಂದಾಗಿ ಹೇಳತೊಡಗಿದ್ದಳು. ನಗೆಯಕ್ಕ ಅವಸರವಿಲ್ಲದೆ ಅವರ ಹಿಂದೆ ನಡೆದಳು.