ಎಡಗಡೆಯ ಕೊಂಬು

ಕೊನೆಯ ಏಟು ಹಾಕಿ, ಮರದ ಸುತ್ತಿಗೆಯನ್ನು ಸಿಡುಕ ಕೆಳಗಿಟ್ಟ. ಸೈಕಲ್ಲಿನ ಹ್ಯಾಂಡಲನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದ. ಟಗರಿನ ಕೊಂಬುಗಳ ಹಾಗೆ ಕೆಳಕ್ಕೆ ಬಾಗಿದ್ದ ಎರಡು ತುದಿಗಳಲ್ಲಿ ಎಡಗಡೆಯದು ಬಲಗಡೆಯದರ ಹಿಂದೆ ಪೂರ್ತಿಯಾಗಿ ಅಡಗಿತು. ಒಂದು ನೂಲಿನಷ್ಟೂ ಆಚೆ ಈಚೆ ಇಲ್ಲ.

“ಮೇಸ್ತ್ರಿ, ಇಲ್ಲಿ ಬನ್ನಿ! ಇದು ಡೊಂಕಾಗಿತ್ತು ಅಂದ್ರೆ ಯಾವನಾದ್ರೂ ನಂಬ್ತಾನಾ?”

ಮೇಸ್ತ್ರಿ ಒಂದು ಕಾರಿನ ಬಾಗಿಲಿಗೆ ಬೆನ್ನು ಕೊಟ್ಟು ಚಹಾ ಕುಡಿಯುತ್ತಿದ್ದರು. ಗುದ್ದಿಕೊಂಡ ಕಾರುಗಳ ತಗಡನ್ನು ಬಡಿದು ಮೊದಲಿನ ಹಾಗೆ ಮಾಡುವ ಟಿಂಕರಿಂಗ್ ಶೆಡ್ಡು ಅವರದು.

“ನಿನಗೆ ಡೊಂಕು ಕಂಡ್ರೆ ತುರಿಕೆ ಕಣೋ,” ಅಂದರು. “ಬಾಳೆಹಣ್ಣು ಕೊಟ್ರೂ ನೆಟ್ಟಗೆ ಮಾಡ್ಕೊಂಡೇ ತಿಂತೀಯ.”

ಮಾತು ಸುಳ್ಳಾಗಿರಲಿಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಬೆಂಚಿನ ಮೇಲೆ ನಿಲ್ಲಿಸಿದ ದಿನ ಆ ಬೆಂಚಿನಿಂದಲೇ ಕಿಟಕಿಗೆ ಹಾರಿ ಹೋದವನು ಸಿಡುಕ. ಮತ್ತೆ ಶಾಲೆಯ ಕಡೆ ತಲೆ ಹಾಕಿರಲಿಲ್ಲ. ಜಗತ್ತಿನ ಮುಕ್ಕಾಲು ಪಾಲು ಜನರ ಮೇಲೆ ಅವನಿಗೆ ಸಿಟ್ಟು; ಸಿಡುಕ ಅನ್ನುವ ಹೆಸರು ಅಂಟಿದ್ದೂ ಅದಕ್ಕೇ. ಆ ಸಿಟ್ಟಿಗೆಲ್ಲ ಸುತ್ತಿಗೆ ಒಂದು ದಾರಿ ತೋರಿಸಿತ್ತು. ತಗ್ಗು ಬಿದ್ದ ತಗಡು ಅವನ ಏಟಿಗೆ ಮೆಲ್ಲಗೆ ಮೇಲೆದ್ದು ಬರುವಾಗ ಮಾತ್ರ ಅವನ ಹುಬ್ಬು ಸಡಿಲವಾಗುತ್ತಿತ್ತು.

ಸೈಕಲ್ಲು ಅವನ ದೊಡ್ಡಮ್ಮನದು, ಅಂದರೆ ಅಮ್ಮನ ಅಕ್ಕನದು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕಿದ್ದ ಕಾಲದಲ್ಲಿ ಅವಳು ವರ್ಷದ ರಜೆಯನ್ನೆಲ್ಲ ಕೂಡಿಟ್ಟು, ಹಿಂದೆರಡು ಮುಂದೆರಡು ಚೀಲ ಕಟ್ಟಿ, ಇದೇ ಸೈಕಲ್ಲಿನಲ್ಲಿ ಬೆಟ್ಟ ಹತ್ತಿ ಇಳಿದು ಸಮುದ್ರದವರೆಗೆ ಹೋಗಿ ಬರುತ್ತಿದ್ದಳು. ಮದುವೆಗಿಂತ ಅದೇ ಅಗ್ಗ ಅನ್ನುತ್ತಿದ್ದಳು. ಆಮೇಲೆ ಮಂಡಿ ನೋವು ಶುರುವಾಯಿತು, ಸೈಕಲ್ಲು ಮೆಟ್ಟಿಲ ಕೆಳಗೆ ಸೇರಿತು, ಅದರ ಮೇಲೆ ಹಳೆಯ ಹಾಸಿಗೆ, ಒಡೆದ ಬಕೆಟ್ಟು, ಯಾರದೋ ತೊಟ್ಟಿಲು ಎಲ್ಲ ಬಂದು ಕೂತವು. ಈ ವರ್ಷ ಒಂದು ದಿನ ಅವಳೇ ಅದನ್ನೆಲ್ಲ ಸರಿಸಿ, ಸೈಕಲ್ಲನ್ನು ಹೊರಗೆಳೆದು, ಸಿಡುಕನಿಗೆ ಒಪ್ಪಿಸಿದ್ದಳು.

“ಓಡೋ ಹಾಗೆ ಮಾಡ್ಕೊಡು. ಈ ಮಂಡಿ ನನ್ನ ಮಾತು ಕೇಳೋದು ಬಿಡೋಕೆ ಮುಂಚೆ ಒಂದ್ಸಲ ಹತ್ತಬೇಕು. ಆಮೇಲೆ ಯಾರ ಕೈಗೆ ಸೇರಬೇಕೋ ಸೇರ್ಲಿ.”

ಯಾರ ಕೈಗೆ ಅಂದಾಗ ಸಿಡುಕ ತನ್ನ ಕೈ ನೋಡಿಕೊಂಡಿದ್ದ. ಇನ್ನು ಯಾರಿದ್ದಾರೆ? ಹುಟ್ಟಿದಂದಿನಿಂದ ಅವನಿಗೆ ಬಂದದ್ದೆಲ್ಲ ಇನ್ನೊಬ್ಬರು ಬಿಟ್ಟ ಅಂಗಿ, ಇನ್ನೊಬ್ಬರು ಬಿಟ್ಟ ಚಪ್ಪಲಿ. ಇದೂ ಬಿಟ್ಟದ್ದೇ, ಆದರೆ ಇಂಥದ್ದು ಊರಿನಲ್ಲಿ ಇನ್ನೊಂದಿರಲಿಲ್ಲ.

ಸೈಕಲ್ ಅಂಗಡಿಯವರಿಗೆ ಬರುವುದು ಎರಡೇ ಮಾತು: ಇದರ ಸಾಮಾನು ಈಗ ಬರಲ್ಲ, ಹೊಸದು ತಗೊಳ್ಳಿ. ಕೂತು ನೋಡಿ ಹೇಳಿದವನು ಒಬ್ಬನೂ ಇಲ್ಲ. ಮೂರನೆಯ ಅಂಗಡಿಯಲ್ಲಿ ಜಗಳವಾಡಿ ಬಂದ ಸಿಡುಕ, ಎಲ್ಲವನ್ನೂ ತಾನೇ ಮಾಡುವುದು ಅಂತ ಹಟ ಹಿಡಿದ. ತುಕ್ಕು ಹಿಡಿದ ಪೆಡಲನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಬಿಡಿಸಿದ. ಬೇರಿಂಗಿನ ಗುಂಡುಗಳನ್ನು ತಟ್ಟೆಯಲ್ಲಿ ಉರುಳಿಸಿ ಸವೆದದ್ದನ್ನು ಆರಿಸಿದ. ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿ, ಎಲ್ಲವೂ ಒಂದೇ ದನಿಯಲ್ಲಿ ಮಾತಾಡುವವರೆಗೆ ಬಿಗಿ ಮಾಡಿದ. ಕಪ್ಪು ಬಣ್ಣದ ಕೆಳಗೆ ಬೂದಿ ಬಣ್ಣ, ಅದರ ಕೆಳಗೆ ಮತ್ತೆ ಕಪ್ಪು; ಲೈಟಿನ ಪಟ್ಟಿ ಬಿಚ್ಚಿದಾಗ ಅದರ ಹಿಂದೆ ಉಗುರಿನಷ್ಟು ಹಸಿರು ಸಿಕ್ಕಿತು. ಚಿಗುರಿನ ಹಸಿರು! ಸಿಡುಕ ಶೆಡ್ಡಿಗೆಲ್ಲ ಕೇಳುವ ಹಾಗೆ ಕೂಗಿದ್ದ. ಕಾರಿನ ಪೇಂಟ್ ಬೆರೆಸುವವನ ತಲೆ ತಿಂದು, ಅವನನ್ನು ಅಳಿಸುವುದೊಂದು ಬಾಕಿ ಇಟ್ಟು, ಅದೇ ಹಸಿರನ್ನು ಮಾಡಿಸಿ ತಂದಿದ್ದ.

ಗುಜರಿಯಲ್ಲಿ ಅವನಿಗೆ ಇನ್ನೊಂದು ಹ್ಯಾಂಡಲ್ಲೂ ಸಿಕ್ಕಿತ್ತು. ಹಳೆಯದಕ್ಕಿಂತ ಅಗಲ, ಅವನ ಹೆಗಲಿಗೆ ಹೇಳಿ ಮಾಡಿಸಿದ ಹಾಗಿತ್ತು. ಅದನ್ನು ಹಳೆಯ ಬನಿಯನ್ನಿನಲ್ಲಿ ಸುತ್ತಿ ಟೂಲ್ ಪೆಟ್ಟಿಗೆಯ ಹಿಂದೆ ಮುಚ್ಚಿಟ್ಟಿದ್ದ. ದೊಡ್ಡಮ್ಮ ಒಂದು ಸಲ ಹತ್ತಿ ಇಳಿಯಲಿ, ಆಮೇಲೆ ತನಗೆ ಬೇಕಾದಂತೆ ಹಾಕಿಕೊಂಡರಾಯಿತು.

ಭಾನುವಾರ ದೊಡ್ಡಮ್ಮ ಕ್ಯಾನ್ವಾಸ್ ಶೂ ಹಾಕಿಕೊಂಡು ಬಂದಳು. ಸೈಕಲ್ಲನ್ನು ನೋಡಿ ಬಾಗಿಲಲ್ಲೇ ನಿಂತಳು. ಹತ್ತಿರ ಬಂದು ಸೀಟನ್ನು ಸವರಿದಳು, ಹಸಿರು ಬಣ್ಣವನ್ನು ಮೂಸಿದಳು, ಬೆಲ್ ಒತ್ತಿದಳು. ಬೆಲ್ಲು ಟ್ರಿಂಗ್ ಅಂದಿತು.

“ಅಯ್ಯೋ, ಇದಕ್ಕೂ ಬಾಯಿ ಬಂತಾ!”

“ಹತ್ತು ದೊಡ್ಡಮ್ಮ, ಮಾತು ಸಾಕು,” ಅಂದ ಸಿಡುಕ, ಮುಖ ಗಂಟಿಕ್ಕಿಕೊಂಡು. ಖುಷಿಯಾದಾಗ ಅವನ ಮುಖ ಗಂಟಾಗುವುದು ಎಲ್ಲರಿಗೂ ಗೊತ್ತಿದ್ದದ್ದೇ.

ಅವಳು ಹತ್ತಿದಳು. ಎರಡು ಸಲ ತುಳಿದಳು. ಸೈಕಲ್ಲು ಗೇಟಿನ ಕಡೆ ಹೋಗುವುದನ್ನು ಬಿಟ್ಟು ಎಡಕ್ಕೆ ತಿರುಗಿತು. ಅವಳು ಬಲಕ್ಕೆ ಎಳೆದಳು, ಅದು ಇನ್ನೂ ಎಡಕ್ಕೆ ಹೊರಳಿತು, ಮುರಿದ ಬಂಪರುಗಳ ರಾಶಿಗೆ ನುಗ್ಗಿ ದಡದಡನೆ ಸದ್ದು ಮಾಡಿ ನಿಂತಿತು. ಮೇಸ್ತ್ರಿ ಚಹಾ ಚೆಲ್ಲಿಕೊಂಡು ಓಡಿ ಬಂದರು.

“ಅಕ್ಕಾ, ಏಟಾಯ್ತಾ?”

“ಆಗಿದ್ರೆ ನಿಮ್ಮ ಬಂಪರಿಗೆ ಆಗಿರ್ಬೇಕು.” ದೊಡ್ಡಮ್ಮ ರಾಶಿಯ ಮೇಲೆ ಕುರ್ಚಿಯಲ್ಲಿ ಕೂತ ಹಾಗೆ ಕೂತಿದ್ದಳು. “ಲೋ, ನನ್ನ ಹ್ಯಾಂಡಲ್ ಎಲ್ಲಿ?”

“ಅದೇ ಅದು.”

“ಇದಲ್ಲ. ನನ್ನದು ಡೊಂಕಿತ್ತು.”

“ಇತ್ತು. ನೆಟ್ಟಗೆ ಮಾಡ್ದೆ.”

ದೊಡ್ಡಮ್ಮ ಅವನನ್ನು ನೋಡಿದಳು. ಆಮೇಲೆ ನಗಲು ಶುರು ಮಾಡಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಎಡಗೈಯನ್ನು ಮುಂದೆ ಚಾಚಿ ತೋರಿಸಿದಳು. ಮೊಣಕೈಯಿಂದ ಆಚೆಗೆ ಅದು ನೆಟ್ಟಗಾಗುತ್ತಿರಲಿಲ್ಲ. ಅರ್ಧಕ್ಕೆ ಮಡಿಚಿದ ಕೊಡೆಯ ಹಾಗೆ ನಿಂತಿತ್ತು.

ಆ ಕೈಯನ್ನು ಸಿಡುಕ ನೋಡದೆ ಇದ್ದ ದಿನವಿಲ್ಲ. ಮಗುವಾಗಿದ್ದಾಗ ಅವನು ಕಿರುಚದೆ ಕೂರುತ್ತಿದ್ದ ಜಾಗ ಪ್ರಪಂಚದಲ್ಲಿ ಅದೊಂದೇ ಆಗಿತ್ತಂತೆ. ಅಮ್ಮ ಎತ್ತಿಕೊಂಡರೂ ಜಾರುತ್ತಿದ್ದನಂತೆ. ಆದರೂ ಅದು ಡೊಂಕು ಅಂತ ಅವನಿಗೆ ಒಂದು ದಿನವೂ ಹೊಳೆದಿರಲಿಲ್ಲ. ಅದು ದೊಡ್ಡಮ್ಮನ ಕೈ, ಅಷ್ಟೇ.

“ಮೊದಲನೇ ಸಲ ಹೋದಾಗ ಬೆಟ್ಟದ ತಿರುವಲ್ಲಿ ಬಿದ್ದೆ,” ಅಂದಳು. “ಮೂಳೆ ಕೂಡಿಕೊಂಡಿದ್ದು ಹೀಗೆ. ಸೈಕಲ್ ರಿಪೇರಿಗೆ ಬಿಟ್ಟಿದ್ದೆನಲ್ಲ, ಅಲ್ಲೊಬ್ಬ ಕಮ್ಮಾರ. ನನ್ನನ್ನ ಸೀಟಿನ ಮೇಲೆ ಕೂರಿಸಿ, ಕೈ ನೋಡ್ದ. ಕೈ ನೆಟ್ಟಗಾಗಲ್ಲ ಅಂದ್ರೆ ಹ್ಯಾಂಡಲ್ಲೇ ಡೊಂಕಾಗ್ಲಿ ಬಿಡಿ ಅಂದ. ಎಡಗಡೆ ಕೊಂಬನ್ನ ನನ್ನ ಕಡೆಗೆ ಬಗ್ಗಿಸಿ ಕೊಟ್ಟ. ಅವತ್ತಿಂದ ನಾನೂ ಅದೂ ಒಂದೇ.”

ಮೇಸ್ತ್ರಿ ಗಂಟಲು ಸರಿಪಡಿಸಿಕೊಂಡರು. “ಬಾಳೆಹಣ್ಣು ಅಂತ ನಾನು ಹೇಳ್ಲಿಲ್ವಾ?”

“ನೀವು ಸುಮ್ನಿರಿ!” ಸಿಡುಕ ಗುಡುಗಿದ. ಅಷ್ಟರಲ್ಲಿ ಹ್ಯಾಂಡಲ್ ಬಿಚ್ಚಲು ಶುರು ಮಾಡಿಯೂ ಆಗಿತ್ತು.

ಬಗ್ಗಿಸುವಾಗ ಕೊಳವೆ ಚಪ್ಪಟೆಯಾಗದಿರಲಿ ಎಂದು ಒಳಗೆ ಮರಳು ತುಂಬಿ, ಎರಡು ತುದಿಗೂ ಮರದ ಬೆಣೆ ಬಡಿದ. ಗ್ಯಾಸಿನ ಉರಿಯಲ್ಲಿ ಕಾಸಿ ಸ್ವಲ್ಪ ಬಗ್ಗಿಸುವುದು, ನೀರು ಚಿಮುಕಿಸಿ ಆರಿಸುವುದು, ಸೈಕಲ್ಲಿಗೆ ಸಿಕ್ಕಿಸುವುದು, ದೊಡ್ಡಮ್ಮನನ್ನು ಕೂರಿಸುವುದು. ಹಿಂದಿನಿಂದ ಕ್ಯಾರಿಯರ್ ಹಿಡಿದುಕೊಂಡು ನಿಲ್ಲುವ ಕೆಲಸ ಮೇಸ್ತ್ರಿಯದು.

“ಇನ್ನೂ ಸ್ವಲ್ಪ ಈ ಕಡೆ.”

“ಈಗ?”

“ಜಾಸ್ತಿ ಆಯ್ತು. ಹಾಲು ಕರೆಯೋಕೆ ಕೂತ ಹಾಗಿದೆ.”

“ಈಗ?”

“ಸ್ವಲ್ಪ ಕೆಳಗೆ.”

“ಅಕ್ಕಾ, ಬೇಗ ಹೇಳಿ, ನನ್ನ ಸೊಂಟ ಹೋಯ್ತು,” ಅಂದರು ಮೇಸ್ತ್ರಿ.

“ನಿಮ್ಮ ಸೊಂಟವನ್ನೂ ಇವನೇ ನೆಟ್ಟಗೆ ಮಾಡ್ತಾನೆ, ಹೆದರಬೇಡಿ. ಹಾಂ! ಅಲ್ಲೇ! ಮುಟ್ಟಬೇಡ, ಅಲ್ಲೇ ಇರ್ಲಿ!”

ಅವಳ ಎರಡು ಹೆಗಲೂ ಒಂದೇ ಮಟ್ಟಕ್ಕೆ ಬಂದಿದ್ದವು. ಅವಳು ತುಳಿದಳು. ಈ ಸಲ ಸೈಕಲ್ಲು ಗೆರೆ ಎಳೆದ ಹಾಗೆ ಅಂಗಳ ದಾಟಿ, ಗೇಟು ದಾಟಿ, ಬೆಲ್ ಬಾರಿಸುತ್ತ ರಸ್ತೆಗೆ ಹೋಯಿತು. ಸಿಡುಕ ಗೇಟಿನವರೆಗೆ ಓಡಿದ. ಅವಳ ಸೆರಗು ಸೊಂಟಕ್ಕೆ ಬಿಗಿದಿತ್ತು, ಬೆನ್ನು ಬಾಗಿತ್ತು. ಮಂಡಿ ನೋವಿನ ಹೆಂಗಸು ಎಲ್ಲಿಗೆ ಹೋದಳೋ, ಆ ತಿರುವಿನಲ್ಲಿ ಮರೆಯಾದದ್ದು ಬೇರೆ ಯಾರೋ.

ತುಂಬ ಹೊತ್ತು ಬರಲಿಲ್ಲ. ಸಿಡುಕ ಬೈಯುತ್ತ ನಿಂತ. ಕೊನೆಗೆ ಬೆಲ್ ಕೇಳಿಸಿತು. ಬಂದದ್ದು ನೋಡಿದರೆ ದೊಡ್ಡಮ್ಮ ಹಿಂದಿನ ಕ್ಯಾರಿಯರ್ ಮೇಲೆ ಕೂತು, ಮೆರವಣಿಗೆಯಲ್ಲಿ ಬಂದ ಹಾಗೆ ಕೈ ಬೀಸುತ್ತಿದ್ದಳು. ಮುಂದೆ ಕೂತು ತುಳಿಯುತ್ತಿದ್ದವಳು ಬೆಳಗ್ಗೆ ಮನೆಮನೆಗೆ ಬ್ರೆಡ್ ಹಾಕುವ ಬೇಕರಿಯವಳು.

“ಕಾಲು ಅಲ್ಲೇ ಸಾಕು ಅಂತು,” ಅಂದಳು ದೊಡ್ಡಮ್ಮ, ಇಳಿಯುತ್ತ. ಮುಖವೆಲ್ಲ ಬೆವರು, ಬೆವರಿನ ತುಂಬ ನಗು. “ಆದ್ರೆ ಕೆರೆ ಏರಿವರೆಗೂ ಹೋಗಿದ್ದೆ ಕಣೋ! ಇವಳ ಮನೆ ಅಲ್ಲೇ ತಾನೆ, ಕರ್ಕೊಂಡು ಬಂದೆ. ಸೈಕಲ್ಲು ನಿನಗೇ ಅಂತ ಇವಳಿಗೆ ಮೊದ್ಲೇ ಹೇಳಿದ್ದೆ.”

ಸಿಡುಕನ ಕಿವಿ ಕೆಂಪಾಯಿತು.

“ಯಾರಿಗೆ?”

“ಬೇಸಿಗೆಗೆ ಸಮುದ್ರದ ತನಕ ಹೋಗ್ತಾಳಂತೆ. ದಾರಿ ಕೇಳೋಕೆ ಬಂದಿದ್ಲು. ದಾರಿ ಕೊಟ್ಟ ಮೇಲೆ ಸೈಕಲ್ ಕೊಡದೆ ಇರೋದು ಹೇಗೆ?”

“ಮಾಡಿದ್ದು ನಾನು! ಒಂದೊಂದು ಕಡ್ಡಿ ನಾನು! ಆ ಬಣ್ಣಕ್ಕೆ ನಾನು ಎಷ್ಟು ಜನರ ಹತ್ರ—”

“ಹೌದು. ನಿನ್ನ ಹಾಗೆ ಯಾರೂ ಮಾಡ್ತಿರಲಿಲ್ಲ. ನಿನಗೆ ಕೊಟ್ರೆ ಎಲ್ಲಿಗೆ ಹೋಗ್ತೀಯ, ಹೇಳು.”

ಸಿಡುಕ ಯೋಚಿಸಿದ. ಚಹಾ ಅಂಗಡಿ. ಅದರ ಆಚೆಗೆ ಅವನಿಗೆ ಏನೂ ತೋಚಲಿಲ್ಲ.

“ಒರೆಸ್ತೀಯ,” ಅಂದಳು ದೊಡ್ಡಮ್ಮ ಮೆತ್ತಗೆ. “ದಿನಾ ಒರೆಸ್ತೀಯ, ಮಳೆ ಬಂದ್ರೆ ಒಳಗೆ ತರ್ತೀಯ. ಅದಕ್ಕೆ ಅಷ್ಟು ಸಾಲದು ಕಣೋ.”

ಅವನು ತಿರುಗಿ ಹೋಗಿ, ತಗ್ಗೇ ಇಲ್ಲದ ಒಂದು ಬಾನೆಟ್ಟನ್ನು ಬಡಿಯತೊಡಗಿದ.

“ನಾನು ಬೇರೆ ಯಾವುದಾದ್ರೂ ನೋಡ್ಕೋತೀನಿ ಬಿಡಿ ಅಮ್ಮ,” ಅಂದಳು ಬೇಕರಿಯವಳು ಕೊನೆಗೆ. ಮಾತು ಹಾಗಂದರೂ ಕೈ ಬ್ರೇಕನ್ನು ಬಿಟ್ಟಿರಲಿಲ್ಲ.

“ನೋಡ್ಕೊಳ್ಳೋದೇನೂ ಬೇಡ. ಹತ್ತಿ ಒಂದು ಸುತ್ತು ಹಾಕು,” ಅಂದಳು ದೊಡ್ಡಮ್ಮ.

ಸಿಡುಕ ನೋಡಬಾರದು ಅಂತಲೇ ಇದ್ದ. ಆದರೆ ಅವಳು ಅಂಗಳದಲ್ಲಿ ತಿರುಗುವಾಗ ಕಣ್ಣು ತಾನಾಗಿ ಹೋಯಿತು. ಬ್ರೆಡ್ಡಿನ ಕ್ರೇಟು ಎತ್ತಿ ಎತ್ತಿ ಅಗಲವಾದ ಹೆಗಲು ಅವಳದು. ಬಲಗೈ ಚಾಚಿತ್ತು, ಎಡಗೈ ಎದೆಗೆ ಬಂದು ಮಡಿಚಿಕೊಂಡಿತ್ತು, ಬೆನ್ನು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿತ್ತು. ಹೀಗೇ ಬೆಟ್ಟ ಇಳಿಯುತ್ತಾಳಾ? ಎರಡನೆಯ ಸುತ್ತಿಗೆ ಅವನಿಗೆ ತಡೆಯಲಾಗಲಿಲ್ಲ.

“ನಿಲ್ಲಿಸ್ರೀ! ಇಳೀರಿ ಮೊದಲು!”

“ಮತ್ತೆ ನೆಟ್ಟಗೆ ಮಾಡ್ತೀಯೇನೋ?” ಅಂದರು ಮೇಸ್ತ್ರಿ.

“ಮಾಡೋಕಾಗಲ್ಲ.” ಅವನು ಬಾಗಿದ ಜಾಗವನ್ನು ಹೆಬ್ಬೆರಳಿನಿಂದ ಸವರಿದ. “ಬಗ್ಗಿಸಿ, ನೆಟ್ಟಗೆ ಮಾಡಿ, ಮತ್ತೆ ಬಗ್ಗಿಸಿದ್ದೀವಿ. ಇನ್ನೊಂದ್ಸಲ ಅಂದ್ರೆ ಒಳಗೇ ಬಿರುಕು ಬಿಡುತ್ತೆ. ಎಲ್ಲೋ ಇಳಿಜಾರಲ್ಲಿ ಕೈಗೇ ಬರುತ್ತೆ.”

ಇದನ್ನು ಇಲ್ಲಿಗೇ ಬಿಟ್ಟರೂ ಯಾರೂ ಅವನನ್ನು ಏನೂ ಅನ್ನುವಂತಿರಲಿಲ್ಲ. ಬೇಕರಿಯವಳು ಸೈಕಲ್ಲಿನ ಹಸಿರು ಕೊಳವೆಯನ್ನು ನೋಡುತ್ತಿದ್ದಳು. ಅಂಗಿಯ ತೋಳಿನಿಂದ ಅದರ ಮೇಲಿನ ಧೂಳನ್ನು ಒರೆಸಲಿಲ್ಲ, ಚೈನನ್ನು ಮುಟ್ಟಿ ನೋಡಿದಳು, ಟೈರನ್ನು ಒತ್ತಿ ನೋಡಿದಳು.

“ಹಿಂದೆ ಎಷ್ಟು ಭಾರ ತಡೆಯುತ್ತೆ ಇದು?” ಅಂದಳು.

“ನಿಮ್ಮನ್ನೂ ನಿಮ್ಮ ಬೇಕರಿಯನ್ನೂ ತಡೆಯುತ್ತೆ!” ಅಂತ ಹರಿಹಾಯ್ದು, ಸಿಡುಕ ದಡದಡ ಹೋಗಿ ಟೂಲ್ ಪೆಟ್ಟಿಗೆಯ ಹಿಂದಿನಿಂದ ಬನಿಯನ್ ಗಂಟನ್ನು ತಂದ. ಬಿಚ್ಚಿದ. ತಿಕ್ಕಿ ತಿಕ್ಕಿ ಕನ್ನಡಿಯಾಗಿದ್ದ ಅಗಲದ ಹ್ಯಾಂಡಲ್ಲು ಬಿಸಿಲಿಗೆ ಮಿಂಚಿತು.

ದೊಡ್ಡಮ್ಮ ಅದನ್ನು ನೋಡಿದಳು, ಅವನ ಹೆಗಲನ್ನು ನೋಡಿದಳು.

“ಇದನ್ನ ಯಾವಾಗ ತಂದೆ?”

“ಸಿಕ್ತು. ಬಿದ್ದಿತ್ತು. ಸ್ಪಾನರ್ ಕೊಡಿ ಮೇಸ್ತ್ರಿ, ಏನು ನೋಡ್ತಿದ್ದೀರ!”

ಬಿಸಿಲು ಇಳಿಯುವ ಹೊತ್ತಿಗೆ ಎಲ್ಲ ಬಿಗಿಯಾಗಿತ್ತು. ಬ್ರೇಕನ್ನು ಅವನು ಒಂದು ಸಲ ನೋಡಿದ್ದು ಸಾಕಾಗದೆ ಇನ್ನೂ ಎರಡು ಸಲ ಪರೀಕ್ಷಿಸಿದ. ಚೈನಿಗೆ ಎಣ್ಣೆ ಎಲ್ಲಿ ಬಿಡಬೇಕು, ಎಲ್ಲಿ ಬಿಡಬಾರದು ಅಂತ ಬೈಗುಳದ ಹಾಗೆ ಹೇಳಿಕೊಟ್ಟ. ಬೇಕರಿಯವಳು ತಲೆಯಾಡಿಸಿದಳು, ನಕ್ಕಳು, ಹತ್ತಿದಳು. ದೊಡ್ಡಮ್ಮ ಸೀಟಿನ ಹಿಂಭಾಗಕ್ಕೆ ಒಂದು ಏಟು ಹಾಕಿದಳು, ಹಸುವನ್ನು ಮೇಯಲು ಬಿಡುವಾಗ ಹಾಕುವಂಥದ್ದು.

“ಹೋಗು. ಇಳಿಜಾರಲ್ಲಿ ಹಾಡಬೇಡ, ಹತ್ತುವಾಗ ಹಾಡು.”

ಗೇಟಿನ ಆಚೆ ಬೆಲ್ಲು ಕೇಳಿಸಿತು. ತಿರುವಿನಲ್ಲಿ ಇನ್ನೊಂದು ಸಲ. ಆಮೇಲೆ ರಸ್ತೆಯ ಸದ್ದಷ್ಟೇ. ದೊಡ್ಡಮ್ಮ ಬೆಂಚಿನ ಮೇಲಿದ್ದ ಹಳೆಯ ಹ್ಯಾಂಡಲನ್ನು ಎತ್ತಿ ಸಿಡುಕನ ಕೈಯಲ್ಲಿ ಇಟ್ಟು, ಅವನ ಕೆನ್ನೆಗೆ ಅಂಟಿದ್ದ ಗ್ರೀಸನ್ನು ಇನ್ನಷ್ಟು ಹರಡುವ ಹಾಗೆ ಒರೆಸಿ, ಕುಂಟುತ್ತ ಮನೆಗೆ ಹೊರಟಳು. ಕುಂಟುತ್ತಿದ್ದರೂ ಶಿಳ್ಳೆ ಹಾಕುತ್ತಿದ್ದಳು.

ಸಿಡುಕ ಗೋಡೆಗೆ ಒಂದು ಮೊಳೆ ಹೊಡೆದು ಹ್ಯಾಂಡಲನ್ನು ತೂಗುಹಾಕಿದ. ಎರಡು ಕೊಂಬು, ಒಂದು ಎತ್ತಲೋ, ಇನ್ನೊಂದು ಎತ್ತಲೋ.

“ಅದನ್ನ ಹಾಗೇ ಬಿಡ್ತೀಯ?” ಮೇಸ್ತ್ರಿ ಕಣ್ಣು ಕಿರಿದು ಮಾಡಿದರು. “ನಿದ್ದೆ ಬರುತ್ತಾ ನಿನಗೆ?”

“ಯಾರಾದ್ರೂ ಮುಟ್ಟಿದ್ರೆ ಕೈ ಮುರಿದುಬಿಡ್ತೀನಿ.”

ಕೆಲಸದ ಅಂಗಿ ಬಿಚ್ಚಿ ಬಲಗಡೆಯ ಕೊಂಬಿಗೆ ಹಾಕಿದ. ಅದು ಜಾರಿ ನೆಲಕ್ಕೆ ಬಿತ್ತು. ಎತ್ತಿ, ಕೊಡವಿ, ಎಡಗಡೆಯದಕ್ಕೆ ಹಾಕಿದ. ಅಲ್ಲಿ ಅದು ಕೂತುಕೊಂಡಿತು.